ಪಕ್ಕದಿಂದ ಬೀಸುವ ಕೈಗೆ ಒಪ್ಪುವ ಡಿಸ್ಕ್

ಕೇಳುಗರಿಗೆ ನಮಸ್ಕಾರ.

ಕಲಬುರಗಿಯಲ್ಲಿ ಬೆಳೆದವರಿಗೆ ಶಹಾಬಾದ್ ಕಲ್ಲಿನ ಚೂರನ್ನು ಪರಿಚಯಿಸಬೇಕಾಗಿಲ್ಲ. ಮನೆಗೆ ಫರಸಿ ಹಾಸುವಾಗ ಒಡೆದು ಬಿದ್ದ, ಅಂಗೈಗಿಂತ ಚಿಕ್ಕದಾದ ತೆಳ್ಳನೆಯ ಚೂರು. ಹುಡುಗರಾಗಿದ್ದಾಗ ಅವುಗಳನ್ನು ಚಡ್ಡಿಯ ಜೇಬಿಗೆ ತುಂಬಿಕೊಂಡು ಅಪ್ಪನ ಕೆರೆಯ ದಂಡೆಗೆ ಹೋಗುತ್ತಿದ್ದೆವು. ಮೊಣಕೈಯನ್ನು ಪಕ್ಕೆಯ ಹತ್ತಿರ ಇಟ್ಟು, ಅಂಗೈಯನ್ನು ಮೇಲೆ ಮಾಡಿ, ಕೊನೆಯ ಗಳಿಗೆಯಲ್ಲಿ ಮಣಿಕಟ್ಟನ್ನು ಝಾಡಿಸಿದರೆ ಕಲ್ಲು ನೀರನ್ನು ಐದಾರು ಸಲ ಮುಟ್ಟಿ ಓಡುತ್ತಿತ್ತು. ಭುಜದ ಬಲವನ್ನೆಲ್ಲ ಸುರಿದವನ ಕಲ್ಲು ಮಾತ್ರ ಬುಳುಂಕೆಂದು ಮುಳುಗುತ್ತಿತ್ತು. ಡಿಸ್ಕ್ ಗಾಲ್ಫಿನಲ್ಲಿ ಫೋರ್‌ಹ್ಯಾಂಡ್ ಎನ್ನುವ ಎಸೆತ ಹೆಚ್ಚುಕಡಿಮೆ ಇದೇ. ನಲವತ್ತು ದಾಟಿದ ಮೇಲೆ ಈ ಆಟಕ್ಕೆ ಬಿದ್ದ ವ್ಯಾಯಾಮ ಶಿಕ್ಷಕ ನಾನು. ಕೆರೆಯಲ್ಲಿ ಕಲಿತದ್ದನ್ನು ಮರೆತು, ದುಡ್ಡು ಕೊಟ್ಟು ಮತ್ತೆ ಕಲಿತೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಗಾಲ್ಫಿನಲ್ಲಿ ಚೆಂಡು ಕುಳಿಗೆ ಬೀಳಬೇಕು. ಇಲ್ಲಿ ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿಗೆ ಡಿಸ್ಕ್ ಬೀಳಬೇಕು. ಎಷ್ಟು ಕಡಿಮೆ ಎಸೆತದಲ್ಲಿ ಬಿದ್ದರೆ ಅಷ್ಟು ಒಳ್ಳೆಯದು. ಆ ಬುಟ್ಟಿಯನ್ನು ರೂಪಿಸಿದವರು ಅಮೆರಿಕದ ಎಡ್ ಹೆಡ್ರಿಕ್. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಮೊದಲ ಶಾಶ್ವತ ಅಂಗಳ ಸಿದ್ಧವಾಯಿತು, ಮರುವರ್ಷ ಅವರೇ ವೃತ್ತಿಪರ ಆಟಗಾರರ ಸಂಘವನ್ನೂ ಕಟ್ಟಿದರು. ನಮ್ಮ ಬಳಿ ಬುಟ್ಟಿ ಇಲ್ಲ. ಬೇವಿನ ಗಿಡಕ್ಕೆ ಒರಗಿಸಿದ ಟ್ರ್ಯಾಕ್ಟರಿನ ಹಳೆಯ ಟೈರೇ ನಮಗೆ ಬುಟ್ಟಿ.

ದೂರಕ್ಕೆ ಎಸೆಯುವ ಡಿಸ್ಕಿಗೆ ಡ್ರೈವರ್ ಎನ್ನುತ್ತಾರೆ. ಮಕ್ಕಳು ಆಡುವ ಫ್ರಿಸ್ಬಿಯಂತೆ ಇದು ಅಗಲವಾಗಿಯೂ ಉಬ್ಬಾಗಿಯೂ ಇರುವುದಿಲ್ಲ. ಸುಮಾರು 21 ಸೆಂಟಿಮೀಟರ್ ಅಗಲ, ಅಂದರೆ ಒಂದು ಸಣ್ಣ ಜೋಳದ ರೊಟ್ಟಿಯಷ್ಟು. ಅಂಚು ಮಾತ್ರ ಕುಡುಗೋಲಿನ ಬಾಯಿಯಂತೆ ಇಳಿಜಾರು. ಅಂಚನ್ನು ಹೀಗೆ ಇಳಿಜಾರು ಮಾಡಿದ ಮೊದಲ ಡಿಸ್ಕ್ 1983ರಲ್ಲಿ ಬಂತು. ಅದನ್ನು ರೂಪಿಸಿದವರು ಡೇವ್ ಡನಿಪೇಸ್. ಡಿಸ್ಕ್ ಗಾಳಿಯನ್ನು ಸೀಳಿಕೊಂಡು ಹೋಗತೊಡಗಿದ್ದು ಅಲ್ಲಿಂದ.

ಬಹಳಷ್ಟು ಡಿಸ್ಕುಗಳ ಮೇಲೆ ನಾಲ್ಕು ಅಂಕಿಗಳಿರುತ್ತವೆ. ಮೊದಲನೆಯದು ವೇಗ, ಎರಡನೆಯದು ತೇಲುವ ಗುಣ. ಮೂರನೆಯದು, ಜೋರಾಗಿ ಹೋಗುವಾಗ ಯಾವ ಕಡೆ ವಾಲುತ್ತದೆ ಎನ್ನುವುದು. ನಾಲ್ಕನೆಯದು, ವೇಗ ಇಳಿದ ಮೇಲೆ ಎಷ್ಟು ಬಲವಾಗಿ ಪಕ್ಕಕ್ಕೆ ಸರಿದು ಬೀಳುತ್ತದೆ ಎನ್ನುವುದು. ಬಲಗೈಯ ಫೋರ್‌ಹ್ಯಾಂಡಿನಲ್ಲಿ ಡಿಸ್ಕ್ ಕೊನೆಗೆ ಬಲಕ್ಕೆ ಸರಿಯುತ್ತದೆ, ಬ್ಯಾಕ್‌ಹ್ಯಾಂಡಿನಲ್ಲಿ, ಅಂದರೆ ಎದೆಗೆ ಅಡ್ಡಲಾಗಿ ಕೈ ತಂದು ಹೊರಕ್ಕೆ ಬೀಸುವ ಎಸೆತದಲ್ಲಿ, ಎಡಕ್ಕೆ. ಬುಗುರಿಯನ್ನು ನೆನಪಿಸಿಕೊಳ್ಳಿ. ಅದು ಭರದಿಂದ ತಿರುಗುವಾಗ ನಿದ್ದೆ ಹೋದಂತೆ ನೆಟ್ಟಗೆ ನಿಲ್ಲುತ್ತದೆ, ಸುಸ್ತಾದಾಗ ತೂಗಾಡುತ್ತದೆ. ಡಿಸ್ಕಿನ ಕಥೆಯೂ ಅದರ ಹತ್ತಿರದ್ದೇ. ವ್ಯತ್ಯಾಸವೆಂದರೆ ಇಲ್ಲಿ ಮೊದಲು ಸೋಲುವುದು ತಿರುಗುವ ವೇಗವಲ್ಲ, ಮುಂದಕ್ಕೆ ಓಡುವ ವೇಗ.

ನಾನು ಮೊದಲು ತರಿಸಿದ್ದು 13ರ ವೇಗದ ಡಿಸ್ಕ್. ದೊಡ್ಡ ಅಂಕಿ, ದೊಡ್ಡ ದೂರ ಎಂಬ ಲೆಕ್ಕ. ಹೊರತುದಿಯಿಂದ ಒಳಗೋಡೆಯವರೆಗೆ ಅಂಚಿನ ದಪ್ಪ ಎರಡು ಸೆಂಟಿಮೀಟರಿಗಿಂತ ಹೆಚ್ಚು. ನನ್ನ ಬೆರಳುಗಳು ಅದನ್ನು ಹಿಡಿಯಲಿಲ್ಲ, ಅಪ್ಪಿಕೊಂಡವು. ಎಸೆದರೆ ಐವತ್ತು ಮೀಟರ್ ಕೂಡ ನೇರವಾಗಿ ಹೋಗದೆ ಬಲಕ್ಕೆ ತಿರುಗಿ ಪಕ್ಕದ ತೊಗರಿ ಹೊಲಕ್ಕೆ ಬೀಳುತ್ತಿತ್ತು. ಆಳೆತ್ತರ ಬೆಳೆದ ತೊಗರಿಯಲ್ಲಿ ಹಸಿರು ಡಿಸ್ಕ್ ಹುಡುಕುವುದೆಂದರೇನೆಂದು ಈ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಹೊಲದ ಯಜಮಾನರು ಮೂರು ದಿನ ಸುಮ್ಮನೆ ನೋಡಿದರು. ನಾಲ್ಕನೆಯ ದಿನ ಹತ್ತಿರ ಬಂದು ಕೇಳಿದರು: "ಮಾಸ್ತರರೆ, ಕವಣೆಯ ಬಾಯಿಗೆ ಹಿಡಿಸದ ಕಲ್ಲು ಇಟ್ಟರೆ ಅದು ಹಕ್ಕಿಗೆ ತಾಗುತ್ತದೆಯೇ, ಬೀಸಿದವನ ಬೆನ್ನಿಗೆ ತಾಗುತ್ತದೆಯೇ?" ಜೋಳ ಹಾಲುಗಾಳು ಕಟ್ಟಿದಾಗ ಅಟ್ಟದ ಮೇಲೆ ನಿಂತು ಕವಣೆ ಬೀಸಿದವರ ಮಾತು. ನಾನು ಉತ್ತರ ಕೊಡಲಿಲ್ಲ.

ಆಗಿದ್ದು ಇಷ್ಟು. ವೇಗದ ಆ ಅಂಕಿ ಡಿಸ್ಕಿನ ಓಟವನ್ನು ಹೇಳುವುದಿಲ್ಲ, ಅದು ಎಸೆಯುವವನಿಂದ ಕೇಳುವ ವೇಗವನ್ನು ಹೇಳುತ್ತದೆ. ಅಷ್ಟು ವೇಗ ಕೊಡಲಾಗದಿದ್ದರೆ ಅದು ತೇಲುವ ಮೊದಲೇ ಸರಿದು ಬೀಳುತ್ತದೆ. ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ: ಫೋರ್‌ಹ್ಯಾಂಡಿನಲ್ಲಿ ದೂರ ಬೇಕೆನ್ನುವವರು 7ರಿಂದ 9ರ ವೇಗದೊಳಗೆ ಹುಡುಕಬೇಕು. ಅಂಚು ಎಷ್ಟು ದಪ್ಪವಿದ್ದರೆ ಸರಿ ಎನ್ನುವುದನ್ನು ನಿಮ್ಮ ನಡುಬೆರಳಿಗೇ ಕೇಳಿ. ಡಿಸ್ಕನ್ನು ಮಗುಚಿ, ನಡುಬೆರಳಿನ ಮೆತ್ತನೆಯ ಭಾಗವನ್ನು ಅಂಚಿನ ಒಳಗೋಡೆಗೆ ಒತ್ತಿ, ತೋರುಬೆರಳನ್ನು ಅದರ ಪಕ್ಕಕ್ಕೆ ಆನಿಸಿ, ಹೆಬ್ಬೆರಳನ್ನು ಮೇಲಿಡಿ. ಈಗ ಮಣಿಕಟ್ಟನ್ನು ಮಾತ್ರ ಆಡಿಸಿ. ಡಿಸ್ಕ್ ಅಂಗೈಯೊಳಗೆ ಅಲುಗಿದರೆ ಅದು ನಿಮ್ಮದಲ್ಲ, ಅಂಕಿ ಏನೇ ಇರಲಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟಿ ಕೈ ಬೆವರುವಾಗ ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಚಳಿಗಾಲದಲ್ಲಿ ಗಟ್ಟಿಯಾಗಿ ಕೂತ ಹಿಡಿತ ಆಗ ಜಾರುತ್ತದೆ. ಒಂದು ಟವಲ್ ಜೊತೆಗಿರಲಿ. ಕಾರಿನ ಡಿಕ್ಕಿಯಲ್ಲಂತೂ ಡಿಸ್ಕ್ ಬಿಡಬೇಡಿ, ಸೊಟ್ಟಗಾಗುತ್ತದೆ.

ಇನ್ನು ವಿವಾದದ ವಿಷಯ. ಫೋರ್‌ಹ್ಯಾಂಡಿಗೆ ಓವರ್‌ಸ್ಟೇಬಲ್ ಡಿಸ್ಕೇ ಬೇಕು ಎನ್ನುತ್ತಾರೆ. ಎಂದರೆ ಗಟ್ಟಿಯಾಗಿ ನಿಂತು, ಕೊನೆಗೆ ಬಲವಾಗಿ ಸರಿಯುವ ಡಿಸ್ಕ್. ಮಾತಿನಲ್ಲಿ ಹುರುಳಿದೆ. ಈ ಎಸೆತದಲ್ಲಿ ಕೈ ಬೀಸುವ ದಾರಿ ಗಿಡ್ಡ. ಬಿಡುವಾಗ ಮಣಿಕಟ್ಟು ಚೂರು ಮಗುಚಿದರೂ ಡಿಸ್ಕ್ ನಡುಗುತ್ತಾ ಹೊರಡುತ್ತದೆ. ಮೆತ್ತನೆಯ ಸ್ವಭಾವದ ಡಿಸ್ಕ್ ಆ ನಡುಕಕ್ಕೆ ಎಡಕ್ಕೆ ಉರುಳಿಬಿಡುತ್ತದೆ. ಗಟ್ಟಿಯದು ತಡೆದುಕೊಳ್ಳುತ್ತದೆ. ಆದರೆ ಈ ತಾಳ್ಮೆಯೇ ಕಲಿಯುವವನಿಗೆ ಮೋಸ. ನಿಮ್ಮ ತಪ್ಪನ್ನು ಅದು ಮುಚ್ಚಿಡುತ್ತದೆ, ಅದಕ್ಕೆ ಬೆಲೆಯಾಗಿ ದೂರವನ್ನು ಕತ್ತರಿಸಿಕೊಳ್ಳುತ್ತದೆ. ಇನೋವಾ ಕಂಪನಿಯ ಫೈರ್‌ಬರ್ಡ್ ಎಂಬ ಹೆಸರಾಂತ ಡಿಸ್ಕಿನ ಅಂಕಿಗಳು 9, 3, 0, 4. ಕೊನೆಯ ಆ 4 ನೋಡಿ, ಬಲಕ್ಕೆ ಸರಿಯುವುದು ಖಚಿತ. ಅದೇ ಕಂಪನಿಯ ಟೀಬರ್ಡ್ 7, 5, 0, 2. ಹೆಚ್ಚು ತೇಲುತ್ತದೆ, ಕಡಿಮೆ ಸರಿಯುತ್ತದೆ, ಕೈ ತಪ್ಪಿದ್ದನ್ನು ಅಲ್ಲೇ ತೋರಿಸುತ್ತದೆ. ಒಂದೇ ಕೊಳ್ಳುವುದಾದರೆ ನಾನು ಎರಡನೆಯದರಂಥದ್ದನ್ನು ಕೊಳ್ಳುತ್ತೇನೆ. ಗಾಳಿಯ ದಿನಕ್ಕೆ ಮೊದಲನೆಯದರಂಥದ್ದು ಚೀಲದಲ್ಲಿರಲಿ.

ಗಾಳಿಯ ಮಾತು ಬಂತು. ಆಷಾಢದಲ್ಲಿ ನಮ್ಮ ಬಯಲಿನ ಗಾಳಿ ಗೊತ್ತಲ್ಲ, ಒಣಗಲು ಹಾಕಿದ ಪಂಚೆ ಮೂರನೆಯ ಮನೆಯಲ್ಲಿ ಸಿಗುತ್ತದೆ. ಎದುರುಗಾಳಿಗೆ ಎಸೆದರೆ ಡಿಸ್ಕಿಗೆ ತಾನು ಇನ್ನೂ ಜೋರಾಗಿ ಹೋಗುತ್ತಿರುವ ಭ್ರಮೆ, ಹಾಗಾಗಿ ಎಡಕ್ಕೆ ಮಗುಚುತ್ತದೆ. ಹಿಂಗಾಳಿಯಲ್ಲಿ ಇದು ಉಲ್ಟಾ, ಬೇಗ ಬಲಕ್ಕೆ ಇಳಿಯುತ್ತದೆ. ಎದುರುಗಾಳಿಗೆ 175 ಗ್ರಾಮಿನ ಆಸುಪಾಸಿನ ತೂಕವೇ ಸರಿ. ಅಗಲದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ ಮೀರಬಾರದೆಂಬ ನಿಯಮವಿರುವುದರಿಂದ ಡ್ರೈವರಿನಲ್ಲಿ ಅದಕ್ಕಿಂತ ಹೆಚ್ಚು ಸಿಗುವುದೂ ಇಲ್ಲ. ಮಕ್ಕಳಿಗೆ 150ರ ಸುತ್ತಿನದು ಸಾಕು.

ನಮ್ಮ ನೆಲದ ಬಗ್ಗೆ ಒಂದು ಎಚ್ಚರಿಕೆ. ತೊಗರಿ ಕೊಯ್ದ ಹೊಲದಲ್ಲಿ ಉಳಿಯುವ ಕೂಳೆ ಮೊಳೆಯಂತೆ ಚೂಪು. ಅಂಚಿಗೆ ಗೀರು ಬಿದ್ದಷ್ಟೂ ಡಿಸ್ಕಿನ ಬಿಗಿ ಸಡಿಲಾಗಿ ಎಡಕ್ಕೆ ವಾಲತೊಡಗುತ್ತದೆ. ಮೂರು ತಿಂಗಳು ಆಡಿದ ಮೇಲೆ ಗುರಿ ತಪ್ಪುತ್ತಿದ್ದರೆ ಕೈಯನ್ನು ಬೈಯುವ ಮೊದಲು ಅಂಚನ್ನು ಸವರಿ ನೋಡಿ.

ಕೊಳ್ಳುವ ಮೊದಲು ಗೆಳೆಯರ ಡಿಸ್ಕ್ ಕೇಳಿ ಪಡೆದು ಹೀಗೆ ಮಾಡಿ. ಒಂದೇ ಡಿಸ್ಕನ್ನು ಹತ್ತು ಸಲ ಎಸೆಯಿರಿ, ಬಿದ್ದಲ್ಲೆಲ್ಲ ಒಂದೊಂದು ಫರಸಿ ಚೂರು ಇಡಿ. ಅತಿ ದೂರದ ಚೂರನ್ನು ನೋಡಬೇಡಿ, ಹತ್ತೂ ಚೂರುಗಳು ಎಷ್ಟು ಅಗಲಕ್ಕೆ ಹರಡಿವೆ ಎಂದು ಹೆಜ್ಜೆಯಲ್ಲಿ ಅಳೆಯಿರಿ. ನನ್ನ 13ರ ಡಿಸ್ಕಿನ ಚೂರುಗಳು ಮೂವತ್ತು ಹೆಜ್ಜೆಗೆ ಹರಡಿದ್ದವು. ಹತ್ತನೆಯ ತರಗತಿಯ ಒಬ್ಬ ಹುಡುಗಿ ಅದೇ ಸಂಜೆ 7ರ ವೇಗದ ಡಿಸ್ಕ್ ಎಸೆದಳು. ಅವಳ ಹತ್ತು ಚೂರುಗಳು ಎಂಟು ಹೆಜ್ಜೆಯೊಳಗಿದ್ದವು, ಅವುಗಳಲ್ಲಿ ಆರು ನನ್ನವುಗಳಿಗಿಂತ ಮುಂದೆ. "ಸರ್, ನಿಮ್ಮದನ್ನೂ ಒಮ್ಮೆ ಎಸೆಯಲೇ?" ಎಂದು ಕೇಳಿದಳು. ಕೊಟ್ಟೆ. ಅದು ನೇರವಾಗಿ ತೊಗರಿಯೊಳಗೆ ಹೋಯಿತು. ಈ ಸಲ ಹುಡುಕಲು ಹೊಲದ ಯಜಮಾನರೂ ಬಂದರು.

ನಮಸ್ಕಾರ.