ಒಂದೇ ಗದ್ದೆ, ಎರಡು ಓಟು

ಎಲ್ಲರಿಗೂ ನಮಸ್ಕಾರ.

ಎಪ್ಪತ್ತರ ದಶಕದಲ್ಲಿ ನಮ್ಮ ರಾಜ್ಯದ ಮುಖ್ಯಮಂತ್ರಿಯಾಗಿದ್ದ ದೇವರಾಜ ಅರಸು ಅವರ ಜೊತೆ ನೀವು ಯಾಕೆ ನಿಂತಿರಿ, ಅದನ್ನು ಹೇಳಿ ಅಂತ ನನ್ನನ್ನು ಕರೆದಿದ್ದಾರೆ. ನಿಮ್ಮಲ್ಲಿ ಜಾಸ್ತಿ ಜನ ಅವರ ಹೆಸರನ್ನು ನೋಡಿರುವುದು ಹಿಂದುಳಿದ ವರ್ಗಗಳ ನಿಗಮದ ಬೋರ್ಡಿನಲ್ಲಿ, ಇಲ್ಲವೇ ಯಾವುದೋ ಭವನದ ಗೋಡೆಯ ಮೇಲೆ. ಅವರು ತೀರಿಕೊಂಡದ್ದು 1982ರ ಜೂನ್ 6ಕ್ಕೆ. ಆಗ ನಿಮ್ಮಲ್ಲಿ ಯಾರೂ ಹುಟ್ಟಿರಲಿಲ್ಲ. ನಾನು ರಾಜ್ಯಶಾಸ್ತ್ರ ಓದಿದವನಲ್ಲ, ಕುಂದಾಪುರ ತಾಲೂಕಿನ ರೈತ. ಆದ್ದರಿಂದ ನನಗೆ ಗೊತ್ತಿರುವ ಕಡೆಯಿಂದಲೇ ಹೇಳುತ್ತೇನೆ.

ನನ್ನ ಕಾರಣ ಸ್ವಂತದ್ದು. ನಮ್ಮ ಮನೆಗೆ ಗದ್ದೆ ಬಂತು, ಅದಕ್ಕೆ ಅವರ ಜೊತೆ ನಿಂತೆ. ಹೀಗೆ ಹೇಳಿದರೆ ಕೆಲವರಿಗೆ ಇರುಸುಮುರುಸಾಗುತ್ತದೆ. ದೇಶಕ್ಕಾಗಿ, ಸಿದ್ಧಾಂತಕ್ಕಾಗಿ ಓಟು ಹಾಕುವುದು ದೊಡ್ಡದು, ಮನೆಗಾಗಿ ಹಾಕುವುದು ಸಣ್ಣದು ಅನ್ನುವ ಲೆಕ್ಕ ಅವರದು. ನಾನು ಅದನ್ನು ಒಪ್ಪುವುದಿಲ್ಲ. ಸ್ವಂತ ಕಾರಣವನ್ನು ಪರೀಕ್ಷೆ ಮಾಡಿ ನೋಡಬಹುದು. ಗದ್ದೆ ಬಂತೋ ಇಲ್ಲವೋ ಅನ್ನುವುದು ಪಹಣಿ ತೆಗೆದರೆ ಗೊತ್ತಾಗುತ್ತದೆ. ಯಾರಿಗೆ ಬಂತು, ಯಾರಿಗೆ ಬರಲಿಲ್ಲ, ಯಾರದ್ದು ಹೋಯಿತು ಅನ್ನುವುದೂ ಕಣ್ಣೆದುರೇ ಇರುತ್ತದೆ. ದೇಶದ ಹಿತ ಅಂತ ಹೇಳಿಬಿಟ್ಟರೆ ಅದನ್ನು ಯಾವ ಪುಸ್ತಕದಲ್ಲಿ ನೋಡುವುದು?

ಮೊದಲು ಗೇಣಿ, ಅಂದರೆ ಜಮೀನಿನ ಒಡೆಯರ ಗದ್ದೆ ಉಳುವುದಕ್ಕೆ ಅವರಿಗೆ ಕೊಡುವ ಪಾಲು, ಹೇಗಿತ್ತು ಅಂತ ಹೇಳಬೇಕು. ನಮ್ಮ ಕರಾವಳಿಯಲ್ಲಿ ಮೂಲಗೇಣಿ, ಚಾಲಗೇಣಿ ಅಂತ ಎರಡಿದ್ದವು. ಮೂಲಗೇಣಿಯವರಿಗೆ ಒಂದು ಭದ್ರತೆ ಇತ್ತು, ಅವರನ್ನು ಸುಲಭಕ್ಕೆ ಎಬ್ಬಿಸುವ ಹಾಗಿರಲಿಲ್ಲ. ನಮ್ಮದು ಚಾಲಗೇಣಿ. ಒಡೆಯರು ಬಿಡು ಅಂದರೆ ಬಿಡಬೇಕು. ಕಾರ್ತಿ, ಅಂದರೆ ಮಳೆಗಾಲದ ಬೆಳೆ ಕೊಯ್ದು, ಭತ್ತ ಬೇಯಿಸಿ, ಕುಟ್ಟಿ, ಅಕ್ಕಿಯನ್ನು ಬೈಹುಲ್ಲಿನಲ್ಲಿ ಮುಡಿ ಕಟ್ಟಿ ಅವರ ಅಂಗಳಕ್ಕೆ ಹೊತ್ತು ಹಾಕಬೇಕು. ಅಲ್ಲಿ ಮುಡಿ ಬಿಚ್ಚಿ ಮತ್ತೆ ಅಳೆಯುತ್ತಿದ್ದರು. ಅಳೆಯುವುದು ಅವರ ಸೇರಿನಲ್ಲಿ. ಅಪ್ಪಯ್ಯ ಚಾವಡಿಯ ಕೆಳಗೆ ಅಂಗಳದಲ್ಲಿ ಹೆಗಲಿನ ಬೈರಾಸು ಕೈಯಲ್ಲಿ ಹಿಡಿದು ನಿಂತಿರುತ್ತಿದ್ದರು. ಕಡಿಮೆ ಬಿತ್ತು ಅಂದರೆ ಬಾಕಿ ಬರೆಯುವುದು. ಆ ಬಾಕಿ ಮುಂದಿನ ವರ್ಷಕ್ಕೆ ಸೇರುತ್ತಿತ್ತು. ನೆರೆ ಬಂದು ಗದ್ದೆ ಕೊಚ್ಚಿದ ವರ್ಷವೂ ಗೇಣಿ ಗೇಣಿಯೇ. ನಮ್ಮ ಗದ್ದೆಯ ಅಕ್ಕಿ ಗೇಣಿಗೆ ಹೋಗಿ, ಮಳೆಗಾಲದಲ್ಲಿ ನಾವೇ ಅಂಗಡಿಯಿಂದ ಸಾಲಕ್ಕೆ ಅಕ್ಕಿ ತಂದದ್ದು ನನಗೆ ಚೆನ್ನಾಗಿ ನೆನಪಿದೆ.

ಈ ಅಳತೆಯ ವಿಷಯ ನಮ್ಮ ಕಡೆ ಮಾತ್ರ ಇದ್ದದ್ದಲ್ಲ. ಘಟ್ಟದ ಮೇಲೆ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ರೈತರು ಎದ್ದು ನಿಂತದ್ದೂ ಕೊಳಗದ ಅಳತೆಯ ಮೇಲೇ. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಂದರೆ ಈ ಬೇಡಿಕೆ ಅರಸು ಹುಟ್ಟುಹಾಕಿದ್ದಲ್ಲ. ಅದಕ್ಕಾಗಿ ಸಮಾಜವಾದಿಗಳು, ಕಮ್ಯುನಿಸ್ಟರು ಎಷ್ಟೋ ವರ್ಷ ಪೆಟ್ಟು ತಿಂದಿದ್ದರು. ಹಾಗಾದರೆ ನೀವು ಅವರ ಜೊತೆ ಯಾಕೆ ನಿಲ್ಲಲಿಲ್ಲ ಅಂತ ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಹೋರಾಟ ಮಾಡಿದವರ ಮೇಲೆ ನನಗೆ ಗೌರವ ಇದೆ. ಆದರೆ ಕುರ್ಚಿಯಲ್ಲಿ ಕೂತು, ತನ್ನದೇ ಪಕ್ಷದ ಜಮೀನ್ದಾರರನ್ನು ಎದುರು ಹಾಕಿಕೊಂಡು ಕಾನೂನು ಮಾಡಿಸಿದ್ದು ಅರಸು.

ಯಾಕೆ ಹಾಗೆ ಹೇಳುತ್ತೇನೆ ಅಂದರೆ, ಅದಕ್ಕೂ ಮೊದಲು ಒಂದು ಕಾನೂನು ಇತ್ತು. 1961ರ ಭೂಸುಧಾರಣೆ ಕಾಯ್ದೆ. ಜಾರಿಗೆ ಬಂದದ್ದು 1965ರಲ್ಲಿ. ಅದರಲ್ಲಿ ಒಡೆಯರು 'ನಾನೇ ಸಾಗುವಳಿ ಮಾಡುತ್ತೇನೆ' ಅಂತ ಹೇಳಿ ಗದ್ದೆ ವಾಪಸ್ ಕೇಳಲು ದಾರಿ ಇತ್ತು. ಎಷ್ಟೋ ಒಕ್ಕಲುಗಳು ಆ ದಾರಿಯಲ್ಲೇ ಎದ್ದುಹೋದವು. ಅರಸು 1972ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿಯಾದರು. ಕಾಯ್ದೆಗೆ ಅವರು ತಂದ ತಿದ್ದುಪಡಿ 1974ರ ಮಾರ್ಚ್ 1ಕ್ಕೆ ಜಾರಿಗೆ ಬಂತು. ಆ ದಿನಕ್ಕೆ ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರದ್ದು ಅಂತ ಆಯಿತು. ಉಳುವವ ಅರ್ಜಿ ಹಾಕಬೇಕು, ಸಾಬೀತಾದರೆ ಜಮೀನು ಅವನಿಗೆ. ವಾಪಸ್ ಕೇಳುವ ದಾರಿಯನ್ನು ಒಡೆಯರಿಗೆ ಮುಚ್ಚಿದರು. ಒಂದೊಂದು ತಾಲೂಕಿಗೂ ಭೂ ನ್ಯಾಯಮಂಡಳಿ ಬಂತು. ಉಪವಿಭಾಗಾಧಿಕಾರಿ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು. ಅದರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಲೇಬೇಕು. ಎಲ್ಲಕ್ಕಿಂತ ಮುಖ್ಯ, ಆಗ ಅಲ್ಲಿ ವಕೀಲರಿಗೆ ಪ್ರವೇಶ ಇರಲಿಲ್ಲ. ಆ ನಿರ್ಬಂಧವನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು ಎಷ್ಟೋ ವರ್ಷದ ನಂತರ.

ಇದು ಪುಸ್ತಕದಲ್ಲಿ ಒಂದು ಸಾಲು. ನಮ್ಮ ಮನೆಯಲ್ಲಿ ಅದು ಹೇಗೆ ನಡೆಯಿತು ಅಂತ ಹೇಳುತ್ತೇನೆ.

ಉಳುವವ ಹಾಕಬೇಕಾದ ಆ ಅರ್ಜಿ ಕಾಗದದಲ್ಲಿ ಫಾರಂ 7. ನಮ್ಮ ಕಡೆ ಜನ ಹೇಳುವುದು ಡಿಕ್ಲರೇಷನ್. 'ಡಿಕ್ಲರೇಷನ್ ಕೊಟ್ಟಿರಾ?' ಅಂತ ಪೇಟೆಯಲ್ಲಿ, ಬಸ್ಸಿನಲ್ಲಿ ಎಲ್ಲ ಅದೇ ಮಾತು. ಕೊಡಲು ಅಪ್ಪಯ್ಯನಿಗೆ ಹೆದರಿಕೆ. ಕೊಟ್ಟು ಸೋತರೆ ಒಡೆಯರ ಮುಖ ನೋಡುವುದು ಹೇಗೆ? ಬೇರೆ ಗದ್ದೆ ಯಾರು ಕೊಡುತ್ತಾರೆ? ಕೊನೆಗೆ ಅಬ್ಬಿ, ಅಂದರೆ ನಮ್ಮ ಅಮ್ಮ, ಹಠ ಹಿಡಿದರು. ಅರ್ಜಿ ಬರೆದದ್ದು ನಾನು. ಸರ್ವೆ ನಂಬರ್ ಕೇಳಿದರೆ ಅಪ್ಪಯ್ಯನಿಗೆ ಗೊತ್ತಿಲ್ಲ. ಮನೆ ಎದುರಿನದ್ದು, ತೋಡಿನ ಬದಿಯದ್ದು, ಹಲಸಿನ ಮರದ ಕೆಳಗಿನದ್ದು, ಹೀಗೆ ಅವರ ಲೆಕ್ಕ. ಶಾನುಭೋಗರ ಹತ್ತಿರ ಓಡಾಡಿ ನಂಬರ್, ಹಿಸ್ಸೆ ಎಲ್ಲ ತಂದು ತುಂಬಿಸಿದೆ.

ವಿಚಾರಣೆಯ ದಿನ ಒಡೆಯರ ಕಡೆಯವರು, ಇವನು ನಮ್ಮ ಕೂಲಿ ಆಳು, ಗೇಣಿದಾರ ಅಲ್ಲ ಅಂದರು. ಗೇಣಿ ರಸೀದಿ ಇದೆಯಾ ಅಂತ ಮಂಡಳಿಯವರು ಕೇಳಿದರು. ರಸೀದಿ ಯಾರು ಕೊಟ್ಟಿದ್ದರು? ಒಂದೂ ಇರಲಿಲ್ಲ. ಅಕ್ಕಪಕ್ಕದ ಗದ್ದೆಯವರು ಬಂದು ಸಾಕ್ಷಿ ಹೇಳಿದರು. ಆಮೇಲೆ ಸದಸ್ಯರೊಬ್ಬರು ಅಪ್ಪಯ್ಯನನ್ನೇ ಕೇಳಿದರು: "ಈ ಗದ್ದೆಗೆ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ?" ಅಪ್ಪಯ್ಯ ಅಷ್ಟು ಹೊತ್ತು ತಲೆ ತಗ್ಗಿಸಿ ನಿಂತಿದ್ದವರು ಬಾಯಿ ಬಿಟ್ಟರು. ಯಾವ ಮೂಲೆಯಲ್ಲಿ ನೀರು ಒಳಗೆ ಬರುತ್ತದೆ, ಜೋರು ಮಳೆಗೆ ಯಾವ ಅಂಚು ಒಡೆಯುತ್ತದೆ, ಅದಕ್ಕೆ ಎಷ್ಟು ಮಣ್ಣು ಕೊಡಬೇಕು, ಎಲ್ಲಿ ಏಡಿ ತೂತು ಮಾಡುತ್ತದೆ, ಎಲ್ಲ ಹೇಳಿದರು. ಅದೇ ಪ್ರಶ್ನೆಯನ್ನು ಆಚೆ ಕಡೆಯವರಿಗೂ ಕೇಳಿದರು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನಮಗೆ ಫಾರಂ 10 ಬಂತು. ಗದ್ದೆ ನಮ್ಮದು ಅನ್ನುವ ಸರ್ಟಿಫಿಕೇಟ್. ನಾನು ಅರಸು ಅವರನ್ನು ಬೆಂಬಲಿಸಿದ್ದರ ಕಾರಣ ಆ ಗದ್ದೆ ಅಂತ ಹೇಳಿದೆ ಅಲ್ವಾ? ಅದಕ್ಕಿಂತ ಒಂದು ಗುಲಗಂಜಿ ಹೆಚ್ಚಿನದು, ಅಪ್ಪಯ್ಯ ಆ ದಿನ ಅಧಿಕಾರಿಗಳ ಎದುರು ತಾವೇ ಮಾತಾಡಿದ್ದು. ವಕೀಲರಿಗೆ ಅವಕಾಶ ಇದ್ದಿದ್ದರೆ ಆ ಮಾತು ಹೊರಗೆ ಬರುತ್ತಲೇ ಇರಲಿಲ್ಲ. ಆ ನಿಯಮ ಬರೆದವರಿಗೆ ಬಡವನ ಕಷ್ಟ ಗೊತ್ತಿತ್ತು.

ಇಡೀ ರಾಜ್ಯದಲ್ಲಿ 8 ಲಕ್ಷಕ್ಕೂ ಮೀರಿ ಇಂಥ ಅರ್ಜಿಗಳು ಬಂದವು. ಆದ್ದರಿಂದ ನನ್ನ ಸ್ವಂತ ಕಾರಣ ನನ್ನೊಬ್ಬನದಾಗಿರಲಿಲ್ಲ. ನಾಯಕನೊಬ್ಬ ನನಗೊಬ್ಬನಿಗೇ ಕರೆದು ಗದ್ದೆ ಕೊಟ್ಟಿದ್ದರೆ ಅದು ಲಂಚ. ನನ್ನ ಹಾಗೆ ಇರುವ ಎಲ್ಲರಿಗೂ ಒಂದೇ ಕಾನೂನಿನಲ್ಲಿ ಕೊಟ್ಟರೆ ಅದು ನ್ಯಾಯ. ಸ್ವಂತ ಕಾರಣಕ್ಕೆ ಓಟು ಹಾಕುವವರು ಈ ವ್ಯತ್ಯಾಸ ನೋಡಲೇಬೇಕು.

ಇನ್ನೂ ಒಂದು ನೋಡಬೇಕು. ಕಳೆದುಕೊಂಡವರ ಎದುರು ನಿಂತು ನನ್ನ ಕಾರಣ ಹೇಳಲು ಆಗುತ್ತದಾ?

ನಮ್ಮ ಒಡೆಯರ ಎದುರು ನಾನು ಧೈರ್ಯವಾಗಿ ಹೇಳಬಲ್ಲೆ. ಆದರೆ ನಮ್ಮ ಊರಿನಲ್ಲೇ ಒಬ್ಬರು ವಿಧವೆ ಅಜ್ಜಿ ಇದ್ದರು. ಅವರಿಗಿದ್ದದ್ದು ಎಕರೆಯಷ್ಟು ಗದ್ದೆ. ಗಂಡಸರಿಲ್ಲದ ಮನೆ, ಗೇಣಿಗೆ ಕೊಟ್ಟಿದ್ದರು. ಅದೂ ಹೋಯಿತು. ಪರಿಹಾರ ಅಂತ ಬಂದದ್ದು ಸಣ್ಣ ಮೊತ್ತ. ಗದ್ದೆ ಪಡೆದ ಮನೆಯವರು ಅಜ್ಜಿ ಬದುಕಿರುವ ತನಕ ವರ್ಷವರ್ಷ ಅಕ್ಕಿ ಕೊಟ್ಟರು. ಕಾನೂನು ಹೇಳಿದ್ದಕ್ಕಲ್ಲ, ಮನಸ್ಸು ತಡೆಯದೆ ಕೊಟ್ಟರು. ಆದರೆ ಅದು ಅವರ ಒಳ್ಳೆಯತನ. ಎಲ್ಲ ಊರಿನಲ್ಲೂ ಅಂಥವರು ಸಿಗುತ್ತಾರಾ? ಗದ್ದೆ ತೆಗೆದುಕೊಳ್ಳುವಾಗ ನೂರಾರು ಮುಡಿ ಗೇಣಿ ಬರುವ ಮನೆಗೂ ಈ ಅಜ್ಜಿಗೂ ಕಾನೂನು ವ್ಯತ್ಯಾಸ ಮಾಡಬೇಕಿತ್ತು. ಮಾಡಲಿಲ್ಲ. ಹಾಗೆಯೇ ನಮ್ಮ ಗದ್ದೆಯಲ್ಲಿ ನಾಟಿಗೆ, ಕೊಯ್ಲಿಗೆ ಬರುತ್ತಿದ್ದ ಕೂಲಿಯವರು. ಗೇಣಿದಾರನಿಗೆ ಗದ್ದೆ ಬಂತು. ಅವರಿಗೆ ಸಿಕ್ಕಿದರೆ ಮನೆಯ ಅಡಿಯ ಜಾಗ ಸಿಕ್ಕಿತು, ಗದ್ದೆ ಸಿಗಲಿಲ್ಲ. ಅವರಲ್ಲಿ ಜಾಸ್ತಿ ಜನ ದಲಿತರು. ಅರಸು ಅವರನ್ನು ಹೊಗಳುವ ಸಭೆಗಳಲ್ಲಿ ಈ ಮಾತು ಬರುವುದು ಕಡಿಮೆ. ಬರಬೇಕು.

ತುರ್ತು ಪರಿಸ್ಥಿತಿಯ ಮಾತೂ ಹೇಳಬೇಕು. ನ್ಯಾಯಮಂಡಳಿಗಳು ಕೆಲಸ ಮಾಡುತ್ತಿದ್ದ ಅದೇ 1975–77ರಲ್ಲಿ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇದ್ದರು. ನಟಿ ಸ್ನೇಹಲತಾ ರೆಡ್ಡಿ ಅದೇ ಜೈಲಿನಲ್ಲಿ ಕಾಯಿಲೆ ಜೋರಾಗಿ, ಹೊರಗೆ ಬಂದ ಸ್ವಲ್ಪ ದಿನಕ್ಕೆ ತೀರಿಕೊಂಡರು. ಆಗ ಮುಖ್ಯಮಂತ್ರಿ ಅರಸು. ಗದ್ದೆ ಕೊಟ್ಟರು ಅನ್ನುವ ಕಾರಣಕ್ಕೆ ಇದು ಅಳಿಸಿ ಹೋಗುವುದಿಲ್ಲ. ವಿಚಾರಣೆಗೆ ನೇಮಿಸಿದ ಗ್ರೋವರ್ ಆಯೋಗ ಅವರ ಮೇಲಿನ ಕೆಲವು ಭ್ರಷ್ಟಾಚಾರದ ಆರೋಪಗಳನ್ನು ಎತ್ತಿಹಿಡಿದದ್ದೂ ಅಷ್ಟೇ. ನಾನು ಅವರ ಭೂಮಿಯ ಕೆಲಸವನ್ನು ಬೆಂಬಲಿಸಿದೆ, ಹಾವನೂರು ಆಯೋಗ ಮಾಡಿಸಿ ಹಿಂದುಳಿದವರಿಗೆ ಮೀಸಲಾತಿ ಕೊಟ್ಟಿದ್ದನ್ನು ಬೆಂಬಲಿಸಿದೆ. ಉಳಿದದ್ದಕ್ಕೆ ಸಮಜಾಯಿಷಿ ಕೊಡುವ ಕೆಲಸ ಬೆಂಬಲಿಗನದು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಈಗ ನನಗೆ ಅತ್ಯಂತ ಕಷ್ಟವಾದ ವಿಷಯಕ್ಕೆ ಬರುತ್ತೇನೆ. ಪಕ್ಷ ಒಂದು ಕಡೆ, ನಾಯಕ ಒಂದು ಕಡೆ ಆದರೆ ಏನು ಮಾಡುವುದು?

1977ರ ಲೋಕಸಭೆ ಚುನಾವಣೆಯಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿತು. ಕರ್ನಾಟಕದಲ್ಲಿ 28ರಲ್ಲಿ 26 ಸೀಟು ಗೆದ್ದಿತು. ಮರುವರ್ಷ ಇಂದಿರಾ ಗಾಂಧಿ ಚಿಕ್ಕಮಗಳೂರಿಗೆ ಬಂದು ಗೆದ್ದು ಲೋಕಸಭೆಗೆ ಹೋದರು. ಅಲ್ಲಿಗೆ ಅವರನ್ನು ಕರೆತಂದದ್ದು ಅರಸು. ಆದರೆ 1979ರಲ್ಲಿ ಇಬ್ಬರೂ ಬೇರೆಯಾದರು. 1980ರ ಜನವರಿಯಲ್ಲಿ ಲೋಕಸಭೆ ಚುನಾವಣೆ.

ನಮ್ಮ ಮನೆಯಲ್ಲಿ ಆ ವಾರ ಒಲೆಯ ಎದುರು ದಿನಾ ಇದೇ ಚರ್ಚೆ. ಅಬ್ಬಿ ಇಂದಿರಾ ಕಡೆ. ನಾನು ಅರಸು ಕಡೆ. ಅಬ್ಬಿ ಹೇಳಿದ್ದು: "ಇಂದಿರಮ್ಮ ಬೆನ್ನಿಗೆ ಇಲ್ಲದಿದ್ರೆ ಅರಸಿಗೆ ಎಲ್ಲಿತ್ತು ಆ ಬಲ? ಒಡೆಯರೆಲ್ಲ ಸೇರಿ ಒಂದೇ ದಿನಕ್ಕೆ ಇಳಿಸ್ತಿದ್ರು." ನಾನು ಹೇಳಿದ್ದು: ಇಂದಿರಾ ಗಾಂಧಿಯವರ ಪಕ್ಷವೇ ಆಳಿದ ಬೇರೆ ರಾಜ್ಯಗಳೂ ಇದ್ದವು, ಅಲ್ಲೆಲ್ಲ ಗದ್ದೆ ಹೀಗೆ ಉಳುವವನ ಕೈಗೆ ಬಂತಾ? ಬರಲಿಲ್ಲ. ಅಂದರೆ ಇದು ಇಲ್ಲಿ ಕೂತವರ ಕೆಲಸ. ಅಬ್ಬಿ ಸುಮ್ಮನಾಗಲಿಲ್ಲ. "ಅರಸು ಒಳ್ಳೆಯವರೇ. ಆದ್ರೆ ನಾಳೆ ಗದ್ದೆ ವಾಪಸ್ ಕೇಳೋಕೆ ಬಂದ್ರೆ ತಡೆಯೋರು ಯಾರು? ಡೆಲ್ಲೀಲಿ ಕೂತವರು ತಾನೇ?" ಅಂದರು.

ಅಬ್ಬಿ ಶಾಲೆಗೆ ಹೋದವರಲ್ಲ. ಆದರೆ ಆ ಪ್ರಶ್ನೆ ದೊಡ್ಡದು. ಬಂದದ್ದನ್ನು ಕಾಯುವವರು ಯಾರು ಅನ್ನುವುದು ಅವರ ಲೆಕ್ಕ. ತಂದುಕೊಟ್ಟವರು ಯಾರು ಅನ್ನುವುದು ನನ್ನ ಲೆಕ್ಕ. ಎರಡೂ ಅದೇ ಗದ್ದೆಯಿಂದ ಹುಟ್ಟಿದ್ದು. ಅಪ್ಪಯ್ಯ ಯಾರಿಗೆ ಹಾಕಿದರು ಅಂತ ಕೊನೆಯವರೆಗೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಫಲಿತಾಂಶ ನಿಮಗೆ ಗೊತ್ತಿರಬಹುದು. 28ರಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ. ಅರಸು ರಾಜೀನಾಮೆ ಕೊಟ್ಟರು. ಅವರ ಜೊತೆಗಿದ್ದ ಶಾಸಕರಲ್ಲಿ ಹೆಚ್ಚಿನವರು ಆಚೆ ಕಡೆ ಹೋದರು. ಗದ್ದೆ ಪಡೆದವರೇ ಅವರನ್ನು ಕೈಬಿಟ್ಟರು, ಕೃತಘ್ನರು ಅಂತ ಕೆಲವರು ಈಗಲೂ ಬರೆಯುತ್ತಾರೆ. ಅದು ನನಗೆ ಸರಿ ಕಾಣುವುದಿಲ್ಲ. ನಮ್ಮ ಅಬ್ಬಿ ಕೃತಘ್ನರಾಗಿರಲಿಲ್ಲ. ಗದ್ದೆ ಬಂದದ್ದು ಹಕ್ಕಾಗಿ. ಹಕ್ಕು ಪಡೆದವರು ಓಟನ್ನು ಋಣ ತೀರಿಸುವ ಹಾಗೆ ಹಾಕಬೇಕಾಗಿಲ್ಲ. ಅರಸು ಕೊಟ್ಟದ್ದು ನಿಜವಾಗಿ ಹಕ್ಕೇ ಆಗಿದ್ದರಿಂದ ತಾನೇ ಅಬ್ಬಿ ಅವರ ವಿರುದ್ಧವೂ ಓಟು ಹಾಕಲು ಆದದ್ದು?

ನಾನು ಮಾತ್ರ ಅವರ ಜೊತೆಗೇ ಉಳಿದೆ. ಅವರು ಕ್ರಾಂತಿರಂಗ ಅನ್ನುವ ಹೊಸ ಪಕ್ಷ ಕಟ್ಟಿದಾಗ ನಮ್ಮ ಕಡೆ ಗೋಡೆ ಬರಹ ಬರೆದವರಲ್ಲಿ ನಾನೂ ಒಬ್ಬ. ಅದು ದೊಡ್ಡದಾಗಿ ಬೆಳೆಯುವ ಮೊದಲೇ ಅವರು ಹೋದರು. 1983ರ ಜನವರಿಯಲ್ಲಿ ರಾಜ್ಯದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು.

ಈಗ ಯಾವ ಪಕ್ಷ ಅಂತ ನಿಮಗೆ ಕೇಳಬೇಕು ಅನ್ನಿಸುತ್ತಿರಬಹುದು. ಕ್ರಾಂತಿರಂಗದ ನಂತರ ನಾನು ಯಾವ ಪಕ್ಷದ ಚೀಟಿಯೂ ತೆಗೆದುಕೊಂಡಿಲ್ಲ. ಆದರೆ ಸ್ವಂತ ಕಾರಣ ಬಿಟ್ಟಿಲ್ಲ. 2020ರಲ್ಲಿ ಅದೇ ಭೂಸುಧಾರಣೆ ಕಾಯ್ದೆಯಿಂದ 79ಎ, 79ಬಿ ಕಲಮುಗಳನ್ನು ತೆಗೆದರು. ರೈತರಲ್ಲದವರು ಕೃಷಿ ಜಮೀನು ಕೊಳ್ಳದ ಹಾಗೆ ತಡೆದಿದ್ದ ಕಲಮುಗಳು ಅವು. 2023ರ ಚುನಾವಣೆಯಲ್ಲಿ ನಮ್ಮ ಮನೆಗೆ ಓಟು ಕೇಳಲು ಬಂದವರಿಗೆಲ್ಲ ಆ ಎರಡು ಕಲಮಿನ ಬಗ್ಗೆ ಕೇಳಿದೆ. ಹೆಚ್ಚಿನವರು ನಗುತ್ತಾ ಕೈ ಮುಗಿದು ಮುಂದಿನ ಮನೆಗೆ ಹೋದರು. ಒಬ್ಬರು ಚಪ್ಪಲಿ ಬಿಟ್ಟು ಜಗಲಿಯಲ್ಲಿ ಕೂತು, ತಮ್ಮ ಪಕ್ಷ ಏನು ಮಾಡುತ್ತದೆ, ಯಾವುದು ಕಷ್ಟ ಅಂತ ಬಿಡಿಸಿ ಹೇಳಿದರು. ಅವರ ಉತ್ತರ ಪೂರ್ತಿ ನನಗೆ ಒಪ್ಪಿಗೆಯಾಗಲಿಲ್ಲ. ಆದರೂ ಓಟು ಅವರಿಗೇ ಹಾಕಿದೆ.

ಇಷ್ಟು ನನ್ನ ಮಾತು. ನಿಮ್ಮ ಪ್ರಶ್ನೆ ಇದ್ದರೆ ಕೇಳಿ.