ಸ್ಕ್ಯಾನ್ ಚೀಟಿಯಲ್ಲಿ ಒಂದು ಸಾಲು ಜಾಸ್ತಿ ಬರೆಸಿ

ಕೇಳುಗರಿಗೆಲ್ಲ ನಮಸ್ಕಾರ.

ನಾನು ರೇಡಿಯಾಲಜಿ ವೈದ್ಯ. ಎಕ್ಸ್‌ರೇ, ಸಿಟಿ ಸ್ಕ್ಯಾನ್, ಎಂಆರ್‌ಐ ಚಿತ್ರಗಳನ್ನು ನೋಡಿ ವರದಿ ಬರೆಯುವವನು. ನಿಮ್ಮಲ್ಲಿ ಎಷ್ಟೋ ಜನ ಸ್ಕ್ಯಾನ್ ಮಾಡಿಸಿಕೊಂಡಿರುತ್ತೀರಿ, ನನ್ನಂಥವರ ಮುಖ ಮಾತ್ರ ನೋಡಿರುವುದಿಲ್ಲ. ನಾವು ಕೂರುವುದು ಒಳಗಿನ ಮಬ್ಬು ಬೆಳಕಿನ ಕೋಣೆಯಲ್ಲಿ. ನಮ್ಮ ಮುಂದೆ ಬರುವುದು ಎರಡೇ. ಒಂದು, ನಿಮ್ಮ ಚಿತ್ರ. ಇನ್ನೊಂದು, ಆ ಚಿತ್ರ ತೆಗೆಯಿರಿ ಎಂದು ನಿಮ್ಮ ವೈದ್ಯರು ಬರೆದುಕೊಟ್ಟ ಚೀಟಿ. ಆ ಚೀಟಿಯಲ್ಲಿ ಬಹಳ ಸಲ ಒಂದೇ ಪದ ಇರುತ್ತದೆ. ‘ತಲೆನೋವು’. ಇಲ್ಲವೇ ‘ಸೈನಸ್’. ಹೊರಗೆ ಅಷ್ಟೊಂದು ಜನ ಕಾಯುತ್ತಿರುವಾಗ ಬರೆಯುವವರಿಗೆ ಪುರುಸೊತ್ತು ಎಲ್ಲಿರುತ್ತದೆ? ಅದು ನನಗೆ ಗೊತ್ತು. ಆದರೂ ಕಣ್ಣು, ಕಿವಿ, ಮೂಗಿನ ವಿಷಯದಲ್ಲಿ ಇನ್ನೊಂದು ಸಾಲು ಇರಬೇಕಿತ್ತು ಎಂದು ನಾನು ಪೇಚಾಡಿದ ದಿನಗಳು ಲೆಕ್ಕವಿಲ್ಲ. ಇವತ್ತಿನ ಮಾತು ಆ ಇನ್ನೊಂದು ಸಾಲಿನ ಬಗ್ಗೆ.

ನಮ್ಮ ಮುಖದ ಮೂಳೆಗಳ ಒಳಗೆ ಗಾಳಿ ತುಂಬಿದ ಪುಟ್ಟ ಕೋಣೆಗಳಿವೆ. ಹಣೆಯಲ್ಲಿ, ಕೆನ್ನೆಯಲ್ಲಿ, ಎರಡು ಕಣ್ಣುಗಳ ನಡುವೆ, ಮೂಗಿನ ಹಿಂದೆ ಆಳದಲ್ಲಿ. ಇವೇ ಸೈನಸ್‌ಗಳು. ಕಣ್ಣುಗುಡ್ಡೆ ಕೂತಿರುವ ಗುಳಿಗೂ ಪಕ್ಕದ ಸೈನಸ್ಸಿಗೂ ನಡುವೆ ಒಂದು ಗೋಡೆ ಇದೆ. ಅದು ಎಷ್ಟು ತೆಳು ಅಂದರೆ, ಹಿಂದಿನವರು ಲ್ಯಾಟಿನ್ನಿನಲ್ಲಿ ಅದಕ್ಕೆ ಇಟ್ಟ ಹೆಸರಿನ ಅರ್ಥವೇ ‘ಕಾಗದದಂಥ ಹಾಳೆ’. ಕೆನ್ನೆಯ ಸೈನಸ್ಸಿನ ನೆಲದಡಿಯಲ್ಲಿ ಮೇಲಿನ ದವಡೆ ಹಲ್ಲುಗಳ ಬೇರು. ಮೂಗಿನ ಹಿಂಭಾಗದಿಂದ ಕಿವಿಯೊಳಕ್ಕೆ ಒಂದು ನಳಿಗೆ. ಕಿವಿಯ ಚಾವಣಿ ದಾಟಿದರೆ ಮೆದುಳು. ವಠಾರದ ಮನೆಗಳ ಹಾಗೆ ಎಲ್ಲಕ್ಕೂ ಒಂದೇ ಗೋಡೆ. ಒಂದು ಮನೆಯಲ್ಲಿ ನೀರು ಸೋರಿದರೆ ಪಕ್ಕದ ಮನೆಯ ಗೋಡೆ ಒದ್ದೆಯಾಗುತ್ತದೆ, ಅಲ್ವಾ?

ಹಾಗಾಗಿಯೇ ಪುಟ್ಟ ಮಗುವಿಗೆ ನೆಗಡಿ ಬಂದು, ನಾಲ್ಕು ದಿನದ ಮೇಲೆ ಒಂದು ಕಣ್ಣು ಊದಿಕೊಂಡರೆ ನಮಗೆ ಆತಂಕ. ಅದು ಬರೀ ರೆಪ್ಪೆಯ ಊತವೋ, ಸೈನಸ್ಸಿನ ಕೀವು ಆ ಕಾಗದದ ಗೋಡೆ ದಾಟಿ ಕಣ್ಣುಗುಡ್ಡೆಯ ಪಕ್ಕ ತುಂಬಿಕೊಂಡಿದೆಯೋ ಎಂಬುದು ಹೊರಗಿನಿಂದ ಗೊತ್ತಾಗದೆ ಇರಬಹುದು. ಸಿಟಿ ಸ್ಕ್ಯಾನ್ ಕೆಲವೇ ಸೆಕೆಂಡಿನಲ್ಲಿ ಅದನ್ನು ತೋರಿಸುತ್ತದೆ. ಕಣ್ಣು ಮುಂದಕ್ಕೆ ಉಬ್ಬಿದ್ದರೆ, ಗುಡ್ಡೆ ಆ ಕಡೆ ಈ ಕಡೆ ತಿರುಗದಿದ್ದರೆ, ನೋಟ ಮಂಕಾಗಿದ್ದರೆ ನಾಳೆ ನೋಡೋಣ ಅನ್ನಬೇಡಿ. ಅವತ್ತೇ ದೊಡ್ಡಾಸ್ಪತ್ರೆಗೆ ಹೊರಡಿ. ಚೀಟಿಯಲ್ಲಿ ‘ಕಣ್ಣು ಊತ’ ಅಂತ ಮಾತ್ರ ಇದ್ದರೆ ಸಾಲದು. ‘ನಾಲ್ಕು ದಿನದ ಹಿಂದೆ ನೆಗಡಿ, ಈಗ ಕಣ್ಣು ತಿರುಗುತ್ತಿಲ್ಲ’ ಅಂತ ಬರೆದಿದ್ದರೆ ನಾವು ಕೈಯಲ್ಲಿದ್ದ ಕೆಲಸ ಬಿಟ್ಟು ಆ ಚಿತ್ರ ನೋಡುತ್ತೇವೆ.

ಇನ್ನು ಸೈನಸ್ ಸ್ಕ್ಯಾನ್. ಮೊದಲೆಲ್ಲ ಎಕ್ಸ್‌ರೇ ತೆಗೆಯುತ್ತಿದ್ದೆವು. ಗಲ್ಲ ಮೇಲೆತ್ತಿ ಪ್ಲೇಟಿಗೆ ತಾಗಿಸಿ ನಿಲ್ಲಿ ಎನ್ನುತ್ತಿದ್ದೆವು, ಹಿರಿಯರಿಗೆ ನೆನಪಿರಬಹುದು. ಅದರಲ್ಲಿ ಮೂಳೆಗಳೆಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತಿದ್ದವು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರ್ ರೂಪಿಸಿದ ಯಂತ್ರ ಮೊದಲ ಬಾರಿಗೆ ಒಬ್ಬ ರೋಗಿಯ ತಲೆಯನ್ನು ಬ್ರೆಡ್ಡಿನ ಹೋಳುಗಳ ಹಾಗೆ ಒಂದೊಂದಾಗಿ ತೋರಿಸಿತು. ಅದೇ ಸಿಟಿ. ಅವರಿಗೆ 1979ರಲ್ಲಿ ನೊಬೆಲ್ ಬಂತು. ಇವತ್ತಿನ ಯಂತ್ರದಲ್ಲಿ ಒಂದು ಮಿಲಿಮೀಟರಿಗಿಂತ ತೆಳುವಾದ ಹೋಳು ಸಿಗುತ್ತದೆ. ಮೂಗಿನ ಆಪರೇಷನ್ ಮಾಡುವವರಿಗೆ ಅದು ಊರಿನ ನಕ್ಷೆ ಇದ್ದ ಹಾಗೆ. ಕಣ್ಣಿನ ಗೋಡೆ ಎಲ್ಲಿ, ಮೆದುಳಿನ ತಳ ಎಲ್ಲಿ ಎಂದು ನೋಡಿಕೊಂಡೇ ಅವರು ಒಳಗೆ ಹೋಗುತ್ತಾರೆ.

ಆದರೆ ಅಷ್ಟು ಚೆನ್ನಾಗಿ ಕಾಣುವುದರಿಂದಲೇ ಒಂದು ತೊಂದರೆಯೂ ಹುಟ್ಟಿತು. 1994ರಲ್ಲಿ ಅಮೆರಿಕದ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಬರೀ ನೆಗಡಿ ಬಂದಿದ್ದ 31 ಜನ ದೊಡ್ಡವರಿಗೆ ಸಿಟಿ ಮಾಡಿ ನೋಡಿದ್ದರು. ನೂರಕ್ಕೆ 87 ಮಂದಿಯ ಕೆನ್ನೆಯ ಸೈನಸ್ಸಿನಲ್ಲಿ ಏನಾದರೊಂದು ಬದಲಾವಣೆ ಕಂಡಿತು. ಎರಡು ವಾರದ ಮೇಲೆ ಅವರಲ್ಲಿ ಕೆಲವರಿಗೆ ಮತ್ತೆ ಸಿಟಿ ಮಾಡಿದಾಗ, ಆಂಟಿಬಯಾಟಿಕ್ ಇಲ್ಲದೆಯೇ ಹೆಚ್ಚಿನವರಲ್ಲಿ ಅದು ಹೋಗಿತ್ತು ಇಲ್ಲವೇ ಕಡಿಮೆಯಾಗಿತ್ತು. ಯೋಚನೆ ಮಾಡಿ. ನೆಗಡಿ ಬಂದ ವಾರ ಮುಖ ಸ್ಕ್ಯಾನ್ ಮಾಡಿದರೆ ‘ಸೈನಸ್ಸಿನ ಒಳಪದರ ದಪ್ಪಗಾಗಿದೆ’ ಎಂಬಂಥ ಸಾಲು ಹೆಚ್ಚಿನವರ ವರದಿಯಲ್ಲಿ ಸಿಗಬಹುದು. ಆ ಸಾಲನ್ನು ಓದಿ ಎಷ್ಟು ಜನ ಹೆದರಿದ್ದಾರೋ! ತಮ್ಮ ತಲೆನೋವಿಗೆಲ್ಲ ಅದೇ ಕಾರಣ ಎಂದು ನಂಬಿ, ನಿಜವಾದ ಕಾರಣವಾದ ಅರೆತಲೆನೋವನ್ನು ವರ್ಷಗಟ್ಟಲೆ ಸುಮ್ನೆ ಬಿಟ್ಟವರನ್ನು ನಾನು ಕಂಡಿದ್ದೇನೆ. ಆ ಸಾಲು ಬರೆದವರಲ್ಲಿ ನಾನೂ ಇದ್ದೇನಲ್ಲ ಎಂಬ ನೋವು ನನಗಿದೆ. ‘ಹೋದ ವಾರ ನೆಗಡಿ ಆಗಿತ್ತು’ ಎಂದು ಚೀಟಿಯಲ್ಲಿ ಇದ್ದಿದ್ದರೆ ನಾನು ಬೇರೆ ರೀತಿ ಬರೆಯುತ್ತಿದ್ದೆ.

ಹಾಗೆಯೇ ಇನ್ನೊಂದು. ಒಂದೇ ಕಡೆಯ ಕೆನ್ನೆ ಸೈನಸ್ಸಿನಲ್ಲಿ ಮಾತ್ರ ಕೀವು, ಜೊತೆಗೆ ಮೂಗಿನಲ್ಲಿ ಕೆಟ್ಟ ವಾಸನೆ. ಆಗ ನಾನು ಮೊದಲು ನೋಡುವುದು ಆ ಸೈನಸ್ಸಿನ ಅಡಿಯಲ್ಲಿರುವ ಮೇಲಿನ ದವಡೆ ಹಲ್ಲಿನ ಬೇರನ್ನು. ಹುಳುಕು ಹಿಡಿದ ದವಡೆ ಹಲ್ಲು ಮೇಲಿನ ಕೋಣೆಗೆ ಕೀವು ಕಳಿಸುತ್ತಿರುತ್ತದೆ. ಹಲ್ಲು ಸರಿ ಮಾಡದೆ ಎಷ್ಟು ಮಾತ್ರೆ ನುಂಗಿದರೂ ಅದು ಹೋಗದು. ಯಾವ ಹಲ್ಲು ನೋಯುತ್ತಿದೆ, ಯಾವಾಗ ಕೀಳಿಸಿದಿರಿ, ಹೇಳಿ.

ಈಗ 2021ರ ಮಾತಿಗೆ ಬರುತ್ತೇನೆ. ಕೋವಿಡ್ಡಿನ ಎರಡನೇ ಅಲೆ. ಕಪ್ಪು ಶಿಲೀಂಧ್ರ, ಬ್ಲ್ಯಾಕ್ ಫಂಗಸ್ ಎಂಬ ಮಾತು ಮನೆಮನೆಗೂ ಬಂತು. ಆ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸುವಂತೆ ರಾಜ್ಯಗಳಿಗೆ ಹೇಳಿತು. ನಿಜವಾಗಿ ಆ ಶಿಲೀಂಧ್ರದ ಬಣ್ಣ ಕಪ್ಪಲ್ಲ. ಅದು ರಕ್ತನಾಳಗಳ ಒಳಗೆ ನುಗ್ಗಿ ರಕ್ತ ಕಟ್ಟಿಸುತ್ತದೆ. ರಕ್ತ ಸಿಗದ ಮಾಂಸ ಸತ್ತು ಕಪ್ಪಾಗುತ್ತದೆ. ಮೂಗಿನಲ್ಲಿ ಶುರುವಾಗಿ ಸೈನಸ್ಸಿಗೆ, ಅಲ್ಲಿಂದ ಆ ಕಾಗದದ ಗೋಡೆ ದಾಟಿ ಕಣ್ಣಿಗೆ, ಕಣ್ಣಿನಿಂದ ಮೆದುಳಿಗೆ.

ಅದನ್ನು ನಾವು ಎಂಆರ್‌ಐನಲ್ಲಿ ಹೇಗೆ ಕಾಣುತ್ತಿದ್ದೆವು ಗೊತ್ತೇ? ಮೂಗಿನೊಳಗೆ ಸುರುಳಿಯಂಥ ಮಾಂಸದ ಮಡಿಕೆಗಳಿವೆ. ಅಲ್ಲಿ ರಕ್ತ ಬಹಳ ಹರಿಯುತ್ತದೆ. ಕಾಂಟ್ರಾಸ್ಟ್ ಎಂಬ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟು ಚಿತ್ರ ತೆಗೆದರೆ ಆ ಮಡಿಕೆಗಳು ಬೆಳ್ಳಗೆ ಹೊಳೆಯುತ್ತವೆ. ಸತ್ತ ಭಾಗಕ್ಕೆ ರಕ್ತವೇ ಹೋಗದು, ಔಷಧಿಯೂ ಹೋಗದು. ಅಷ್ಟು ಜಾಗ ಚಿತ್ರದಲ್ಲಿ ಕಪ್ಪಾಗಿಯೇ ಉಳಿಯುತ್ತದೆ. ಬೆಳ್ಳನೆಯ ಮೂಗಿನ ನಡುವೆ ಒಂದು ಕಪ್ಪು ಮಡಿಕೆ. ಅದನ್ನು ಕಂಡ ಕೂಡಲೇ ವರದಿ ಟೈಪ್ ಮಾಡುವುದಕ್ಕೂ ಕಾಯದೆ ಫೋನ್ ಎತ್ತುತ್ತಿದ್ದೆವು. ಮೂಗಿನಿಂದ ಚೂರು ಮಾಂಸ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೇ ಅದು ಖಚಿತ. ಆದರೆ ಎಲ್ಲಿಂದ ತೆಗೆಯಬೇಕು, ಕಣ್ಣಿನವರೆಗೆ ಹೋಗಿದೆಯೇ, ಎಷ್ಟು ಕತ್ತರಿಸಬೇಕು ಎಂಬುದನ್ನು ಚಿತ್ರ ಹೇಳುತ್ತಿತ್ತು.

ಈ ಕಾಯಿಲೆಯ ಶುರುವಿನಲ್ಲಿ ಸಿಟಿಯಲ್ಲಿ ಕಾಣುವುದು ಬರೀ ದಪ್ಪಗಾದ ಒಳಪದರ. ನೆಗಡಿಯಲ್ಲಿ ಕಾಣುವುದೂ ಅದೇ! ಎರಡನ್ನೂ ಬೇರೆ ಮಾಡುವುದು ಚೀಟಿಯ ಆ ಒಂದು ಸಾಲು. ‘ಶುಗರ್ ಹತೋಟಿಯಲ್ಲಿಲ್ಲ. ಕೋವಿಡ್ಡಿಗೆ ಸ್ಟೆರಾಯ್ಡ್ ಕೊಟ್ಟಿದ್ದರು. ಕೆನ್ನೆ ಜೋಮು ಹಿಡಿದಿದೆ.’ ಇಷ್ಟು ಓದಿದರೆ ಸಾಕು, ನನ್ನ ಬೆನ್ನು ನೆಟ್ಟಗಾಗುತ್ತದೆ. ಕೋವಿಡ್ ಇಲ್ಲದಿದ್ದರೂ ಸಕ್ಕರೆ ಕಾಯಿಲೆ ಇರುವವರಿಗೆ ಇದು ಈಗಲೂ ಬರಬಹುದು. ದಯವಿಟ್ಟು ಶುಗರ್ ಇರುವುದನ್ನು ಮುಚ್ಚಿಡಬೇಡಿ.

ಎಂಆರ್‌ಐ ಎಂದಾಗ ಇನ್ನೊಂದು ನೆನಪು. ಅದು ದೊಡ್ಡ ಅಯಸ್ಕಾಂತ. ಎಕ್ಸ್‌ರೇ ಕಿರಣ ಅದರಲ್ಲಿ ಇಲ್ಲ. ಹಾಗಂತ ಎಲ್ಲರಿಗೂ ಸುರಕ್ಷಿತವೇ? ಒಮ್ಮೆ ತಲೆನೋವಿಗೆಂದು ಎಂಆರ್‌ಐಗೆ ಒಬ್ಬರು ಬಂದಿದ್ದರು. ಕಲ್ಲು ಒಡೆಯುವ ಕೆಲಸದವರು. ಚೀಟಿಯಲ್ಲಿ ಅದು ಇರಲಿಲ್ಲ. ನಮ್ಮ ಟೆಕ್ನಿಷಿಯನ್ ಹುಡುಗ ರೂಢಿಯಂತೆ, “ಅಣ್ಣಾ, ಕಣ್ಣಿಗೆ ಯಾವತ್ತಾದರೂ ಕಬ್ಬಿಣದ ಚೂರು ಸಿಡಿದಿತ್ತಾ?” ಎಂದು ಕೇಳಿದ. ಅವರು ಸ್ವಲ್ಪ ಯೋಚಿಸಿ, “ವರ್ಷಗಳ ಹಿಂದೆ ಉಳಿ ಹೊಡೆಯುವಾಗ ಏನೋ ಚುಚ್ಚಿದ ಹಾಗಾಗಿತ್ತು, ಒಂದೆರಡು ದಿನ ಕೆಂಪಾಗಿ ಹೋಯ್ತು” ಎಂದರು. ಮೊದಲು ಒಂದು ಎಕ್ಸ್‌ರೇ ತೆಗೆದೆವು. ಕಣ್ಣಿನ ಗುಳಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿ ಚುಕ್ಕೆ. ಆ ಅಯಸ್ಕಾಂತದೊಳಗೆ ಅವರು ಮಲಗಿದ್ದರೆ ಆ ಚೂರು ಅಲುಗಾಡಿ ಕಣ್ಣೇ ಹೋಗಬಹುದಿತ್ತು. ಲೇತ್, ಗ್ರೈಂಡಿಂಗ್, ವೆಲ್ಡಿಂಗ್ ಕೆಲಸದವರು, ಕಲ್ಲು ಕೆತ್ತುವವರು ಇದನ್ನು ಕೇಳುತ್ತಿದ್ದರೆ ನೆನಪಿಡಿ. ಯಾರೂ ಕೇಳದಿದ್ದರೂ ನೀವಾಗಿಯೇ ಹೇಳಿ. ಕಣ್ಣಿಗೆ ಚುಚ್ಚಿದ್ದು ಮುಳ್ಳೋ ಕಟ್ಟಿಗೆಯ ಸಿಬಿರೋ ಆಗಿದ್ದರೆ ಅದನ್ನೂ ಹೇಳಿ. ಒಣ ಕಟ್ಟಿಗೆ ಸಿಟಿಯಲ್ಲಿ ಗಾಳಿಯ ಗುಳ್ಳೆಯ ಹಾಗೆ ಕಂಡು ನಮ್ಮನ್ನು ಏಮಾರಿಸುತ್ತದೆ. ಕಟ್ಟಿಗೆ ಎಂದು ಗೊತ್ತಿದ್ದರೆ ಮಾತ್ರ ನಾವು ಅದನ್ನು ಹುಡುಕುತ್ತೇವೆ.

ಕಿವಿಯ ವಿಷಯ. ನಮ್ಮ ಕಡೆ ‘ಕಿವಿ ಸೋರುತ್ತೆ’ ಎನ್ನುವುದನ್ನು ಜನ ಕಾಯಿಲೆ ಎಂದೇ ಎಣಿಸುವುದಿಲ್ಲ. ಹತ್ತಿ ಇಟ್ಟುಕೊಂಡು ಓಡಾಡುತ್ತಾರೆ. ಎಲ್ಲ ಸೋರುವ ಕಿವಿಯೂ ಅಪಾಯವಲ್ಲ. ಆದರೆ ಕೆಲವರಲ್ಲಿ ಕಿವಿ ತಮಟೆಯ ಚರ್ಮ ಒಳಕ್ಕೆ ಎಳೆದುಕೊಂಡು, ಅದರ ಸಿಪ್ಪೆ ಸೇರುತ್ತಾ ಸೇರುತ್ತಾ ಉಂಡೆ ಕಟ್ಟುತ್ತದೆ. ಇದು ಕ್ಯಾನ್ಸರ್ ಅಲ್ಲ. ಆದರೂ ಪಕ್ಕದ ಮೂಳೆಯನ್ನು ಗೆದ್ದಲಿನ ಹಾಗೆ ತಿನ್ನುತ್ತದೆ. ಮೊದಲು ಶಬ್ದ ಸಾಗಿಸುವ ಮೂರು ಪುಟ್ಟ ಮೂಳೆಗಳು. ಆಮೇಲೆ ಮುಖದ ನರದ ಕೊಳವೆ, ಮೆದುಳಿನ ಕೆಳಗಿನ ಚಾವಣಿ. ಎಲ್ಲೆಲ್ಲಿ ತಿಂದಿದೆ ಎಂದು ಸಿಟಿ ತೋರಿಸುತ್ತದೆ. ಆಪರೇಷನ್ ಆದ ಮೇಲೆ ಅದು ಮತ್ತೆ ಬೆಳೆದಿದೆಯೇ ಎಂದು ನೋಡಲು ಎಂಆರ್‌ಐನಲ್ಲಿ ಒಂದು ವಿಧಾನವಿದೆ. ಅದರಲ್ಲಿ ಆ ಸಿಪ್ಪೆಯ ಉಂಡೆ ದೀಪದ ಹಾಗೆ ಬೆಳಗುತ್ತದೆ. ಎಷ್ಟೋ ಜನರಿಗೆ ಇದರಿಂದ ಎರಡನೇ ಸಲ ಕಿವಿ ಕೊಯ್ಯುವುದು ತಪ್ಪಿದೆ. ಆದರೆ ಮೊದಲು ಆಪರೇಷನ್ ಆಗಿದೆ ಎಂದೇ ನನಗೆ ಗೊತ್ತಿಲ್ಲದಿದ್ದರೆ? ವೈದ್ಯರು ತೆಗೆದ ಮೂಳೆಯನ್ನು ಕಾಯಿಲೆ ತಿಂದ ಮೂಳೆ ಎಂದು ನಾನು ಬರೆದುಬಿಡಬಹುದು. ಹಳೆಯ ಫಿಲ್ಮ್, ಹಳೆಯ ಡಿಸ್ಚಾರ್ಜ್ ಕಾರ್ಡ್ ತಂದೇ ತನ್ನಿ. ಕಿವಿ ಕೇಳಿಸಲೆಂದು ಆಪರೇಷನ್ ಮಾಡಿ ಒಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನ ಇರುವವರು ಬಾಗಿಲಲ್ಲೇ ಹೇಳಿ. ಅದರಲ್ಲೂ ಅಯಸ್ಕಾಂತವಿರುತ್ತದೆ.

ಎಕ್ಸ್‌ರೇ, ಸಿಟಿಗಳ ಕಿರಣದ ಭಯ ಬಹಳ ಜನರಿಗೆ. ಮಣ್ಣು, ಗಾಳಿ, ಆಕಾಶದಿಂದ ನಮ್ಮ ಮೈಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಾನಾಗಿಯೇ ಬೀಳುತ್ತದೆ. ಸೈನಸ್ಸಿನ ಒಂದು ಸಿಟಿಯಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಯೇ. ಬೇಕಾದಾಗ ಹೆದರಬೇಡಿ, ಬೇಡವಾದಾಗ ನೀವೇ ಕೇಳಿ ಮಾಡಿಸಿಕೊಳ್ಳಬೇಡಿ. ಗರ್ಭಿಣಿಯಾಗಿದ್ದರೆ, ಮೂತ್ರಪಿಂಡದ ತೊಂದರೆ ಇದ್ದರೆ ಮೊದಲೇ ತಿಳಿಸಿ.

ಕೊನೆಯಲ್ಲಿ ಮಾತಾಡಬೇಕು ಎಂದು ಇಟ್ಟುಕೊಂಡದ್ದು ಪುಟ್ಟ ಕೂಸುಗಳ ಕಣ್ಣು. ನಮ್ಮ ಯಂತ್ರಗಳಿಗಿಂತ ಅಲ್ಲಿ ಕೆಲಸಕ್ಕೆ ಬರುವುದು ಕಣ್ಣಿನ ವೈದ್ಯರ ಕ್ಯಾಮೆರಾ. ಕಣ್ಣಿನ ಹಿಂದಿನ ಪರದೆಯ ರಕ್ತನಾಳಗಳು ಅಂಚಿನವರೆಗೆ ಬೆಳೆದು ಮುಗಿಯುವುದು ಒಂಬತ್ತು ತಿಂಗಳು ತುಂಬುವ ಹೊತ್ತಿಗೆ. ಅದಕ್ಕೆ ಮೊದಲೇ ಹುಟ್ಟಿದ ಮಗುವಿನಲ್ಲಿ ಅವು ಅಡ್ಡಾದಿಡ್ಡಿ ಬೆಳೆದು ಪರದೆಯನ್ನೇ ಕಿತ್ತುಬಿಡಬಹುದು. ಹೊರಗಿನಿಂದ ನೋಡಿದರೆ ಕಣ್ಣು ಮುದ್ದಾಗಿಯೇ ಇರುತ್ತದೆ. ತಾಯಿಗೆ ಏನೂ ಗೊತ್ತಾಗುವುದಿಲ್ಲ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದವರು ಕಿಡ್‌ರಾಪ್ ಎಂಬ ಕೆಲಸ ಶುರು ಮಾಡಿದರು. ತರಬೇತಿ ಪಡೆದ ಟೆಕ್ನಿಷಿಯನ್ನರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ವಾರ್ಡುಗಳಿಗೆ ಹೋಗುತ್ತಾರೆ. ಕೂಸಿನ ಕಣ್ಣಿನ ಒಳಗಿನ ಚಿತ್ರ ತೆಗೆಯುತ್ತಾರೆ. ಅದು ಇಂಟರ್‌ನೆಟ್ಟಿನಲ್ಲಿ ಬೆಂಗಳೂರಿನ ತಜ್ಞರಿಗೆ ಹೋಗುತ್ತದೆ. ನಮ್ಮ ನಾಡಿನಲ್ಲಿ ನಡೆದ ಇಂಥ ಕೆಲಸ ನೆನೆದರೆ ನನ್ನ ಎದೆ ತುಂಬುತ್ತದೆ. ಲೇಸರ್ ಅಥವಾ ಇಂಜೆಕ್ಷನ್ ಬೇಕೆಂದು ಕಂಡರೆ ಎರಡು ಮೂರು ದಿನದೊಳಗೆ ಅದು ಆಗಬೇಕು. ತಡವಾದರೆ ಆ ಮಗು ಕತ್ತಲಲ್ಲೇ ಬೆಳೆಯಬೇಕಾಗುತ್ತದೆ.

ಹುಟ್ಟಿದಾಗ ತೂಕ ಎರಡು ಕಿಲೋಗಿಂತ ಕಡಿಮೆ ಇದ್ದರೆ, ಅಥವಾ 34 ವಾರ ತುಂಬುವ ಮೊದಲೇ ಹುಟ್ಟಿದ್ದರೆ, ಮೂವತ್ತು ದಿನದೊಳಗೆ ಕೂಸಿನ ಕಣ್ಣಿನ ಪರದೆ ನೋಡಿಸಲೇಬೇಕು. ತೀರಾ ಚಿಕ್ಕ ಕೂಸಾದರೆ ಇನ್ನೂ ಬೇಗ, ಎರಡು ಮೂರು ವಾರದಲ್ಲೇ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಅಂಥ ಬಾಣಂತಿ ಇದ್ದರೆ, ಈ ಕಾರ್ಯಕ್ರಮ ಮುಗಿದ ಮೇಲೆ ಒಮ್ಮೆ ಹೋಗಿ ಬನ್ನಿ. ಎಷ್ಟು ವಾರಕ್ಕೆ ಹುಟ್ಟಿತು, ಎಷ್ಟು ತೂಕವಿತ್ತು ಎಂಬುದು ಮಗುವಿನ ಡಿಸ್ಚಾರ್ಜ್ ಕಾರ್ಡಿನಲ್ಲಿ ಇರುತ್ತದೆ. ಆ ಕಾರ್ಡನ್ನು ಹುಡುಕಿ ತೆಗೆಸಿ, ದಿನ ಲೆಕ್ಕ ಹಾಕಿ ನೋಡಿ.

ನಮಸ್ಕಾರ.