ಮನೆಯಲ್ಲೇ ಕಾಫಿ ಬೀಸುವುದಾದರೆ

ಕೇಳುಗರಿಗೆ ನಮಸ್ಕಾರ.

ನಮ್ಮ ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು. ಅದರಲ್ಲಿ ಬಹುಪಾಲು ಚಿಕ್ಕಮಗಳೂರು, ಕೊಡಗು, ಹಾಸನ ಜಿಲ್ಲೆಗಳ ತೋಟಗಳದ್ದು. ಆದರೂ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಮನೆಗೆ ಬಂದವರನ್ನು ‘ಚಹಾ ತಗೋತೀರೇನ್ರಿ?’ ಎಂದೇ ಕೇಳುತ್ತೇವೆ. ಆರು ಮಂದಿಯ ಮನೆಯಲ್ಲಿ ಕಾಫಿಯವರು ಒಬ್ಬರೋ ಇಬ್ಬರೋ. ಉಳಿದವರೆಲ್ಲ ಚಹಾದವರು.

ಕಾಫಿ ಬೀಸುವ ಯಂತ್ರ ಕೊಳ್ಳಬೇಕೋ ಬೇಡವೋ ಎನ್ನುವ ಲೆಕ್ಕ ಇಲ್ಲಿಂದಲೇ ಶುರುವಾಗಬೇಕು. ಹುರಿದ ಕಾಫಿ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ಅನಿಲವೂ ಘಮವೂ ಸೇರಿಕೊಂಡಿರುತ್ತವೆ. ಬೀಜ ಇಡಿಯಾಗಿದ್ದಾಗ ಅವು ನಿಧಾನವಾಗಿ ಹೊರಬರುತ್ತವೆ. ಬೀಸಿದ ಕೂಡಲೇ ಗಾಳಿ ತಾಗುವ ಮೈ ಎಷ್ಟೋ ಪಟ್ಟು ಹೆಚ್ಚಿ, ಘಮ ಹಾರಿಹೋಗುವುದೂ ಜಿಡ್ಡಿನ ಅಂಶ ಕೆಡುವುದೂ ಬೇಗ ಬೇಗ ನಡೆಯುತ್ತದೆ. ದಿನಕ್ಕೆ ಎಂಟು ಹತ್ತು ಲೋಟ ಕಾಫಿ ಮಾಡುವ ಮನೆಯಲ್ಲಿ ಅಂಗಡಿಯಿಂದ ತಂದ ಪುಡಿ ನಾಲ್ಕಾರು ದಿನದಲ್ಲಿ ತೀರುತ್ತದೆ. ಅವರು ಇದ್ದ ಹಾಗೆಯೇ ಇದ್ದರೆ ಸಾಕು. ಒಬ್ಬರೋ ಇಬ್ಬರೋ ಕುಡಿಯುವ ಮನೆಯಲ್ಲಿ ಅರ್ಧ ಕಿಲೋ ಪೊಟ್ಟಣ ಡಬ್ಬಿಯಲ್ಲೇ ವಾರಗಟ್ಟಲೆ ಕೂಡುತ್ತದೆ. ತಳ ಮುಟ್ಟುವ ಹೊತ್ತಿಗೆ ಅದರಲ್ಲಿ ಬಣ್ಣವಿರುತ್ತದೆ, ಕಹಿ ಇರುತ್ತದೆ, ಘಮ ಇರುವುದಿಲ್ಲ. ಆದ್ದರಿಂದ ನಾನು ಹೇಳುವುದು ಇಷ್ಟು: ಮನೆಯಲ್ಲಿ ಬೀಜ ಇಟ್ಟುಕೊಂಡು ಬೇಕಾದಾಗ ಬೀಸಿಕೊಳ್ಳುವುದರಿಂದ ನಿಜವಾದ ಲಾಭ ಆಗುವುದು ನಮ್ಮಂಥ ಚಹಾದ ಊರಿನ ಸಣ್ಣ ಕಾಫಿ ಮನೆಗಳಿಗೆ. ಅವರಿಗೆ ಬೇಕಾದದ್ದೂ ಸಣ್ಣ ಯಂತ್ರವೇ.

‘ಮನ್ಯಾಗ ಮಿಕ್ಸರ್ ಐತಲ್ರಿ, ಮತ್ಯಾಕ ಬ್ಯಾರೆ ಮಷೀನು?’ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಮಿಕ್ಸರಿನ ಮೋಟಾರು ನಿಮಿಷಕ್ಕೆ ಹದಿನೆಂಟು ಇಪ್ಪತ್ತು ಸಾವಿರ ಸುತ್ತು ತಿರುಗಬಲ್ಲದು. ಅದರ ಬ್ಲೇಡು ಬೀಜವನ್ನು ಬೀಸುವುದಿಲ್ಲ, ಹೊಡೆದು ಒಡೆಯುತ್ತದೆ. ಬ್ಲೇಡಿನ ಹತ್ತಿರ ಇದ್ದ ಚೂರಿಗೆ ಮತ್ತೆ ಮತ್ತೆ ಏಟು, ಮೇಲೆ ಹಾರಿ ಜಾರಿನ ಗೋಡೆಗೆ ಅಂಟಿದ್ದಕ್ಕೆ ಒಂದೋ ಎರಡೋ. ಮುಚ್ಚಳ ತೆಗೆದು ನೋಡಿದರೆ ಅದರಲ್ಲೇ ಧೂಳೂ ಇರುತ್ತದೆ, ನುಚ್ಚೂ ಇರುತ್ತದೆ. ಬಿಸಿನೀರು ಬಿದ್ದಾಗ ಧೂಳು ಬೇಗ ಸಾರ ಬಿಟ್ಟುಕೊಟ್ಟು ಕಹಿಯಾಗುತ್ತದೆ. ನುಚ್ಚು ಪೂರ್ತಿ ಬಿಟ್ಟುಕೊಡದೆ ನೀರುನೀರಾಗಿ, ಸ್ವಲ್ಪ ಹುಳಿಯಾಗಿ ಉಳಿಯುತ್ತದೆ. ಈ ಎರಡೂ ರುಚಿ ಒಂದೇ ಲೋಟದಲ್ಲಿ ಸೇರುತ್ತವೆ. ಅದಲ್ಲದೆ ಬಳ್ಳೊಳ್ಳಿ ಹಾಕಿ ಗುರೆಳ್ಳು ಚಟ್ನಿಪುಡಿ ಮಾಡಿದ ಜಾರಿನ ವಾಸನೆ ತೊಳೆದರೂ ಹೋಗುವುದಿಲ್ಲ, ಕಾಫಿ ಅದನ್ನು ತಟ್ಟನೆ ಹೀರಿಕೊಳ್ಳುತ್ತದೆ. ಮಿಕ್ಸರನ್ನೇ ಬಳಸುವುದು ಅನಿವಾರ್ಯವಾದರೆ ಕಾಫಿಗೆಂದೇ ಒಂದು ಸಣ್ಣ ಜಾರು ಬೇರೆ ಇಡಿ. ಎರಡು ಮೂರು ಸೆಕೆಂಡಿಗೊಮ್ಮೆ ನಿಲ್ಲಿಸಿ, ಜಾರು ಅಲ್ಲಾಡಿಸಿ, ಮತ್ತೆ ತಿರುಗಿಸಿ. ಒಂದೇ ಸಮನೆ ತಿರುಗಿಸಿದರೆ ಪುಡಿ ಬಿಸಿಯಾಗುತ್ತದೆ. ‘ಕಾಫಿ ಗ್ರೈಂಡರ್’ ಎಂಬ ಹೆಸರಿನಲ್ಲಿ ಅಗ್ಗಕ್ಕೆ ಮಾರುವ ಎಷ್ಟೋ ಯಂತ್ರಗಳ ಒಳಗೂ ಇರುವುದು ಇದೇ ಬ್ಲೇಡು. ಅದಕ್ಕೆ ಬೇರೆ ದುಡ್ಡು ಕೊಡಬೇಡಿ.

ಕೊಳ್ಳಬೇಕಾದದ್ದು ಬರ್ ಗ್ರೈಂಡರ್. ನಮ್ಮ ಅಜ್ಜಿಯಂದಿರ ಬೀಸುಕಲ್ಲು ಮಾಡುತ್ತಿದ್ದ ಕೆಲಸವನ್ನೇ ಇದು ಮಾಡುತ್ತದೆ. ಹಲ್ಲುಗಳಿರುವ ಎರಡು ಭಾಗ, ಒಂದು ಅಲುಗದೆ ಕೂತಿರುತ್ತದೆ, ಇನ್ನೊಂದು ತಿರುಗುತ್ತದೆ. ನಡುವಿನ ಸಂದು ಎಷ್ಟಿದೆಯೋ ಅಷ್ಟು ದಪ್ಪದ ಪುಡಿ ಕೆಳಗೆ ಬೀಳುತ್ತದೆ. ಸಂದಿನಲ್ಲಿ ತೂರದ ಚೂರನ್ನು ಹಲ್ಲು ಇನ್ನೊಮ್ಮೆ ಕಡಿಯುತ್ತದೆ, ತೂರಿ ಹೋದದ್ದಕ್ಕೆ ಮತ್ತೆ ಏಟು ಬೀಳುವುದಿಲ್ಲ. ಎಷ್ಟು ಹೊತ್ತು ತಿರುಗಿಸಿದಿರಿ ಎನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಪುಡಿ ಒಂದೇ ಹದಕ್ಕೆ ಬರುವ ಗುಟ್ಟು ಇದು. ಮೋಟಾರಿನ ವ್ಯಾಟ್ ನೋಡಿ ಯಂತ್ರ ಆರಿಸಬೇಡಿ, ಈ ಹಲ್ಲು ನೋಡಿ ಆರಿಸಿ.

ಕೈಯಿಂದ ತಿರುಗಿಸುವ ಗ್ರೈಂಡರಿನಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ 20ರಿಂದ 30 ಗ್ರಾಂ ಬೀಜ ಹಿಡಿಯುತ್ತದೆ. ಒಂದು ಲೋಟ ಫಿಲ್ಟರ್ ಕಾಫಿಗೆ 10 ಗ್ರಾಂ ಎಂದುಕೊಂಡರೆ ಇಬ್ಬರಿಗೆ ಒಂದು ಹೊತ್ತಿನದ್ದು ಒಂದೇ ಸಲಕ್ಕೆ ಆಗುತ್ತದೆ. ಒಲೆಯ ಮೇಲೆ ನೀರು ಕಾಯುವಷ್ಟರಲ್ಲಿ ಬೀಸಿ ಮುಗಿಯುತ್ತದೆ. ಕರೆಂಟು ಬೇಡ. ನಸುಕಿನಲ್ಲಿ ಮಕ್ಕಳು ಎಚ್ಚರಗೊಳ್ಳುವಂಥ ಸದ್ದೂ ಇಲ್ಲ. ಫಿಲ್ಟರಿಗೆ ಬಳಸುವ ಬೀಜವನ್ನು ಸಾಮಾನ್ಯವಾಗಿ ಚೆನ್ನಾಗಿ ಕಪ್ಪಗೆ ಹುರಿದಿರುತ್ತಾರೆ. ಅಂಥ ಬೀಜ ಗರಿಗರಿಯಾಗಿದ್ದು ಸುಲಭವಾಗಿ ಒಡೆಯುತ್ತದೆ, ತೋಳಿಗೆ ಶ್ರಮವಾಗುವುದಿಲ್ಲ. ತಿಳಿಯಾಗಿ ಹುರಿದ ಬೀಜ ಗಟ್ಟಿ, ಅದಕ್ಕೆ ಹೆಚ್ಚು ಬಲ ಬೇಕು.

ಕೈ ಗ್ರೈಂಡರಿನಲ್ಲಿ ಸೆರಾಮಿಕ್ ಹಲ್ಲಿನವು ಒಂದೆರಡು ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತವೆ. ಉಕ್ಕಿನ ಹಲ್ಲಿನ ಒಳ್ಳೆಯವಕ್ಕೆ ಅದರ ಎರಡು ಮೂರು ಪಟ್ಟು ಬೆಲೆ. ಸೆರಾಮಿಕ್‌ಗೆ ತುಕ್ಕು ಹಿಡಿಯುವುದಿಲ್ಲ ನಿಜ. ಆದರೆ ಬೀಜದ ಜೊತೆ ಒಂದು ಸಣ್ಣ ಹರಳು ಸೇರಿಕೊಂಡರೆ ಹಲ್ಲು ಮುರಿಯಬಹುದು. ಉಕ್ಕು ಬೀಜವನ್ನು ಚೊಕ್ಕವಾಗಿ ಕತ್ತರಿಸುತ್ತದೆ, ಬೇಗ ಬೀಸುತ್ತದೆ. ಕೈಯಲ್ಲಿ ದುಡ್ಡಿದ್ದರೆ ಉಕ್ಕಿನದೇ ಇರಲಿ ಎನ್ನುತ್ತೇನೆ. ಇದಕ್ಕಿಂತ ದೊಡ್ಡ ವಿಷಯ ತಿರುಗುವ ಹಲ್ಲನ್ನು ಹಿಡಿದಿರುವ ನಡುವಿನ ಸರಳಿನದು. ಅಂಗಡಿಯಲ್ಲಿ ಕೆಳಗಿನ ಡಬ್ಬಿ ಬಿಚ್ಚಿ, ಗ್ರೈಂಡರನ್ನು ತಲೆಕೆಳಗು ಮಾಡಿ, ನಡುವಿನ ಹಲ್ಲನ್ನು ಬೆರಳಿನಿಂದ ಪಕ್ಕಕ್ಕೆ ನೂಕಿ ನೋಡಿ. ಸರಳಿಗೆ ಮೇಲೊಂದು ಕೆಳಗೊಂದು ಬೇರಿಂಗ್ ಇದ್ದರೆ ಅದು ಅತ್ತಿತ್ತ ಅಲುಗುವುದಿಲ್ಲ. ಅಗ್ಗದವುಗಳಲ್ಲಿ ಅದು ತೂಗಾಡುತ್ತದೆ. ತೂಗಾಡಿದರೆ ಒಂದು ಕಡೆ ಸಂದು ದೊಡ್ಡದು, ಇನ್ನೊಂದು ಕಡೆ ಸಣ್ಣದು. ಬರ್ ಇದ್ದೂ ಮಿಕ್ಸರಿನ ಪುಡಿಯೇ ಬರುತ್ತದೆ. ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಈ ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ.

ಇನ್ನು ಹದ. ಬೀಜವನ್ನು ಒಳಗೆ ಹಾಕುವ ಮೊದಲು ಹೊಂದಿಸುವ ತಿರುಪನ್ನು ಹಲ್ಲಿಗೆ ಹಲ್ಲು ತಾಗುವವರೆಗೆ ಮೆಲ್ಲಗೆ ಬಿಗಿ ಮಾಡಿ. ಅದು ಸೊನ್ನೆ. ಅಲ್ಲಿಂದ ಸಡಿಲಿಸುತ್ತ ಬಂದಾಗ ‘ಟಕ್ ಟಕ್’ ಎಂದು ಕೇಳುವ ಒಂದೊಂದು ಸದ್ದೂ ಒಂದೊಂದು ಹೆಜ್ಜೆ. ನಮ್ಮ ಹಿತ್ತಾಳೆ ಅಥವಾ ಸ್ಟೀಲ್ ಫಿಲ್ಟರಿಗೆ ಬೇಕಾದ ಪುಡಿ ಚಿರೋಟಿ ರವಾಕ್ಕಿಂತ ಸಣ್ಣ, ಹಿಟ್ಟಿಗಿಂತ ದಪ್ಪ. ಚಿಟಿಕೆಯಷ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದರೆ ಕಾಳು ತಿಳಿಯಬೇಕು, ಚುಚ್ಚಬಾರದು. ನಿಜವಾದ ಪರೀಕ್ಷೆ ಫಿಲ್ಟರಿನಲ್ಲೇ. ಪುಡಿ ಹಾಕಿ, ಬಿಲ್ಲೆಯಿಂದ ಮೆಲ್ಲಗೆ ಒತ್ತಿ, ಕುದಿ ನಿಂತ ನೀರು ಹೊಯ್ದು ಕಿವಿಗೊಡಿ. ಹನಿ ಬಿಡುವುದು ಕೇಳಬೇಕು. ಹದಿನೈದು ಇಪ್ಪತ್ತು ನಿಮಿಷದಲ್ಲಿ ಡಿಕಾಕ್ಷನ್ ಇಳಿದಿದ್ದರೆ ಹದ ಕೂಡಿದೆ. ಐದು ನಿಮಿಷಕ್ಕೇ ಇಳಿದು ತಿಳಿಯಾಗಿದ್ದರೆ ಒಂದೆರಡು ಹೆಜ್ಜೆ ಬಿಗಿ ಮಾಡಿ. ಅರ್ಧ ತಾಸಾದರೂ ಮೇಲೆ ನೀರು ನಿಂತೇ ಇದ್ದರೆ ಸಡಿಲಿಸಿ. ಸರಿಯಾದ ಹೆಜ್ಜೆ ಸಿಕ್ಕ ಮೇಲೆ ಅದನ್ನು ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಬೀಜ ಬದಲಾದಾಗ ಒಂದು ಹೆಜ್ಜೆ ಆಚೆ ಈಚೆ ಆಗುತ್ತದೆ, ಅಷ್ಟೇ.

ಚಿಕೋರಿ, ಅಂದರೆ ಕಾಫಿಗೆ ಬೆರೆಸುವ ಒಂದು ಗಿಡದ ಹುರಿದ ಬೇರು, ಬೇಕೆನ್ನುವವರು ಅದನ್ನು ಪುಡಿಯಾಗಿಯೇ ಬೇರೆ ತಂದಿಟ್ಟುಕೊಂಡು, ಬೀಸಿದ ಕಾಫಿಗೆ ಚಮಚದಲ್ಲಿ ಬೆರೆಸಬೇಕು. ಗ್ರೈಂಡರಿನೊಳಗೆ ಅದನ್ನು ಹಾಕಲೇಬೇಡಿ. ಚಿಕೋರಿ ತೇವ ಹೀರಿ ಅಂಟಂಟಾಗುತ್ತದೆ, ಹಲ್ಲಿನ ಸಂದಿನಲ್ಲಿ ಕೂತರೆ ತೆಗೆಯುವುದು ಕಷ್ಟ. ಧಾರವಾಡದ ಮಳೆಗಾಲದ ಜಿಟಿಜಿಟಿಯಲ್ಲಂತೂ ಡಬ್ಬಿಯಲ್ಲೇ ಗಂಟು ಕಟ್ಟುತ್ತದೆ. ನಾವೇ ಬೆರೆಸಿಕೊಂಡರೆ ಎಷ್ಟು ಚಿಕೋರಿ ಕುಡಿಯುತ್ತಿದ್ದೇವೆ ಎಂಬುದೂ ಗೊತ್ತಿರುತ್ತದೆ. ಅಂಗಡಿಯ ಮಿಶ್ರಣದಲ್ಲಿ ಕಾನೂನಿನ ಪ್ರಕಾರ ನೂರಕ್ಕೆ 51 ಪಾಲು ಕಾಫಿ ಇದ್ದರೆ ಸಾಕು, ಉಳಿದ 49 ಚಿಕೋರಿ ಆಗಬಹುದು. ಪೊಟ್ಟಣದ ಮೇಲೆ ಆ ಪ್ರಮಾಣ ಬರೆದಿರುತ್ತದೆ, ಓದಿ ನೋಡಿ.

ಕೈ ಬೆರಳಿನ ಸಂದು ನೋಯುವ ಹಿರಿಯರಿಗೆ, ಮಣಿಕಟ್ಟು ಸೋತವರಿಗೆ ಕರೆಂಟಿನ ಬರ್ ಗ್ರೈಂಡರೇ ಬೇಕು. ನಿಧಾನ ತಿರುಗುವ, ಶಂಕುವಿನ ಆಕಾರದ ಹಲ್ಲಿನದ್ದು ಮನೆಗೆ ಒಳ್ಳೆಯದು. ಅದು ಕಡಿಮೆ ಸದ್ದು ಮಾಡುತ್ತದೆ, ಕಡಿಮೆ ಬಿಸಿಯಾಗುತ್ತದೆ. ಆದರೆ ಯಂತ್ರದ ಒತ್ತಡದಲ್ಲಿ ಇಳಿಸುವ ಎಸ್ಪ್ರೆಸೊ ಕಾಫಿಗೆಂದು ಮಾಡಿದ ದುಬಾರಿ ಯಂತ್ರವನ್ನು ಫಿಲ್ಟರ್ ಕಾಫಿಗೆ ಕೊಳ್ಳುವ ಅಗತ್ಯವಿಲ್ಲ. ಎಸ್ಪ್ರೆಸೊಗೆ ಕೂದಲೆಳೆಯಷ್ಟು ಸೂಕ್ಷ್ಮವಾಗಿ ಹದ ಬದಲಿಸಬೇಕಾಗುತ್ತದೆ. ಆ ಯಂತ್ರದ ಬೆಲೆಯ ಬಹುಪಾಲು ಆ ಸೂಕ್ಷ್ಮತೆಗೇ ಹೋಗುತ್ತದೆ. ನಮ್ಮ ಫಿಲ್ಟರ್ ಅಷ್ಟು ಕಟ್ಟುನಿಟ್ಟಿನದಲ್ಲ, ಸ್ವಲ್ಪ ಹೆಚ್ಚು ಕಡಿಮೆಯಾದರೂ ಒಳ್ಳೆಯ ಡಿಕಾಕ್ಷನ್ ಕೊಡುತ್ತದೆ. ಉಳಿದ ದುಡ್ಡನ್ನು ಒಳ್ಳೆಯ ಬೀಜಕ್ಕೆ ಹಾಕಿ. ಪೊಟ್ಟಣದ ಮೇಲೆ ಹುರಿದ ತಾರೀಖು ನಮೂದಿಸಿರುವ ಬೀಜವನ್ನೇ ಕೇಳಿ ತಗೊಳ್ಳಿ, ಒಂದು ತಿಂಗಳಿಗೆ ಆಗುವಷ್ಟು ಮಾತ್ರ.

ಸ್ವಚ್ಛ ಮಾಡಲು ವಾರಕ್ಕೊಮ್ಮೆ ಒಣ ಬ್ರಷ್ಷು ಆಡಿಸಿದರೆ ಆಯಿತು. ಉಕ್ಕಿನ ಹಲ್ಲಿಗೆ ನೀರು ತಾಗಿಸಬೇಡಿ, ತುಕ್ಕು ಹಿಡಿಯುತ್ತದೆ. ಮಿಕ್ಸರಿಗೆ ಮಾಡುವ ಹಾಗೆ ಅಕ್ಕಿ ಹಾಕಿ ತಿರುಗಿಸುವುದೂ ಬೇಡ. ಅಕ್ಕಿ ಕಾಫಿ ಬೀಜಕ್ಕಿಂತ ಗಟ್ಟಿ, ಹಲ್ಲಿಗೂ ಮೋಟಾರಿಗೂ ಪೆಟ್ಟು. ಬ್ಯಾಸಿಗಿಯ ಒಣಹವೆಯಲ್ಲಿ ಪುಡಿ ಡಬ್ಬಿಯ ಗೋಡೆಗೆಲ್ಲ ಮೆತ್ತಿಕೊಂಡು ಚಿಮ್ಮುತ್ತದೆ. ಅದು ಬೀಸುವಾಗ ಹುಟ್ಟುವ ಸ್ಥಾಯೀ ವಿದ್ಯುತ್ತಿನಿಂದ ಆಗುವುದು. ಬೀಸುವ ಮೊದಲು ಚಮಚದ ಹಿಡಿಕೆಯನ್ನು ನೀರಿನಲ್ಲಿ ಅದ್ದಿ, ಆ ಒಂದು ಹನಿ ತೇವದಲ್ಲಿ ಬೀಜವನ್ನು ಒಮ್ಮೆ ಕಲಕಿ ಹಾಕಿದರೆ ಪುಡಿ ನೇರ ಕೆಳಗಿನ ಡಬ್ಬಿಗೆ ಬೀಳುತ್ತದೆ.

ನಮಸ್ಕಾರ.